ಆರನೆಯ ನಿಯಮದ ಹಾಳೆ

ನಾನು ಒಂದು ಹಾಳೆ. ಬರೀ ಹಾಳೆಯಲ್ಲ, ನಿಯಮಗಳ ಹಾಳೆ. ಪ್ರೇಮಪತ್ರವಾಗಿ ಹುಟ್ಟಿದ್ದರೆ ಬಚ್ಚಿಟ್ಟು ಓದುತ್ತಿದ್ದಿರಿ. ಲಗ್ನಪತ್ರಿಕೆಯಾಗಿದ್ದರೆ ಅರಿಶಿನ ಹಚ್ಚಿ ದೇವರ ಮುಂದೆ ಇಡುತ್ತಿದ್ದಿರಿ. ನಿಯಮಗಳ ಹಾಳೆಯನ್ನು ಯಾರೂ ಪ್ರೀತಿಸುವುದಿಲ್ಲ. ಬೇಡ, ನಾನೇನೂ ಪ್ರೀತಿ ಕೇಳಿಕೊಂಡು ಬಂದವನಲ್ಲ. ನನ್ನ ಮೇಲೆ ಏನು ಬರೆದಿದೆಯೋ ಅದನ್ನು ಓದಿ ಎಂದಷ್ಟೇ ಕೇಳಿದೆ. ಅಷ್ಟಕ್ಕೇ ಒಂದು ಕಾಲೇಜು ನನ್ನ ಮೇಲೆ ಕಣ್ಣು ಕೆಂಪಗೆ ಮಾಡಿತು.

ನಾನು ಹುಟ್ಟಿದ್ದು ಬಾಗಲಕೋಟೆ ಕಡೆಯ ಒಂದು ಊರಿನಲ್ಲಿ, ಪದವಿ ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ. ಒಂದು ತಾಯಿ ಹಾಳೆ, ಅರವತ್ತು ಮಕ್ಕಳು. ನಾನು ಐವತ್ತೊಂಬತ್ತನೆಯವನು. ಅಷ್ಟು ಹೊತ್ತಿಗೆ ಯಂತ್ರದ ಮಸಿ ತೀರುತ್ತ ಬಂದಿತ್ತು. ಹಾಗಾಗಿ ನನ್ನ ಎಡಗಡೆ ಸ್ವಲ್ಪ ಮಾಸಲು. ಅಂಗಡಿಯವನು ಎತ್ತಿ ನೋಡಿ, "ಇದು ನಡೀತೈತಿ ಬಿಡ್ರಿ, ಯಾರ ಓದತಾರ" ಎಂದ. ಹುಟ್ಟಿದ ಕೂಡಲೇ ಕೇಳಿದ ಮಾತು ಇದು.

ನನ್ನನ್ನು ಬರೆದವರು ಶಿವಪುತ್ರ ಮಾಳಗಿ ಸರ್, ಕಾಲೇಜಿನ ಅತಿಥಿ ಉಪನ್ಯಾಸಕರು. ಅತಿಥಿ ಎಂದರೆ ಮಣೆ ಹಾಕಿ ಕೂರಿಸುತ್ತಾರೆಂದು ತಿಳಿಯಬೇಡಿ. ಪ್ರತಿ ವರ್ಷ ಕರೆದರೆ ಬರಬೇಕು, ಕರೆಯದಿದ್ದರೆ ಮನೆಯಲ್ಲಿರಬೇಕು. ಆ ವರ್ಷ ಅವರಿಗೆ ಮೊದಲ ವರ್ಷದ ಮಕ್ಕಳಿಗೆ ಬರವಣಿಗೆ ಕಲಿಸುವ ಕೆಲಸ ಸಿಕ್ಕಿತ್ತು. ಮಕ್ಕಳು ಗೈಡು ನೋಡಿ ಬರೆಯುತ್ತಾರೆ ಎಂಬ ಸಿಟ್ಟು ಅವರಿಗೆ ಮೊದಲಿನಿಂದಲೂ ಇತ್ತು. ಆ ಸಿಟ್ಟಿನಲ್ಲೇ ಒಂಬತ್ತು ನಿಯಮ ಬರೆದರು. ತರಗತಿಗೆ ನೂರಕ್ಕೆ ಎಪ್ಪತ್ತೈದರಷ್ಟು ದಿನ ಬರಬೇಕು, ತಡವಾಗಿ ಬಂದವರು ಹಿಂದಿನ ಬೆಂಚು, ಎಡಕ್ಕೆ ಎರಡು ಬೆರಳು ಅಂಚು ಬಿಡಬೇಕು, ಇತ್ಯಾದಿ. ನಾಲ್ಕನೆಯದು ಕಠಿಣ: ಪ್ರಬಂಧದಲ್ಲಿ ಸೊನ್ನೆ ಬಂದವರು ಪರೀಕ್ಷೆಗೆ ಕೂರುವಂತಿಲ್ಲ. ಏಳನೆಯದು ಮೆದು: ತಪ್ಪು ತಿದ್ದಿ ಮತ್ತೆ ಬರೆಯಲು ಒಂದು ವಾರ ಅವಕಾಶ. ನಡುವೆ ಆರನೆಯದು, ನನ್ನ ಹೊಕ್ಕುಳಿನ ಹತ್ತಿರ:

'ನಿಮ್ಮ ಸ್ವಂತ ಮಾತಿನಲ್ಲಿ ಬರೆಯಬೇಕು. ಬೇರೆಯವರ ಮಾತು ಕಂಡರೆ ಸೊನ್ನೆ.'

ಒಂಬತ್ತನೆಯದನ್ನು ಬರೆಯುವ ಹೊತ್ತಿಗೆ ಮಾಳಗಿ ಸರ್‌ಗೆ ಉತ್ಸಾಹ ಉಕ್ಕಿತ್ತು. 'ಈ ನಿಯಮಗಳು ಕಲಿಯುವವರಿಗೂ ಕಲಿಸುವವರಿಗೂ ಅನ್ವಯಿಸುತ್ತವೆ. ವರ್ಷ ಮುಗಿಯುವವರೆಗೆ ಬದಲಿಸುವಂತಿಲ್ಲ' ಎಂದು ಬರೆದು ಕೆಳಗೆ ಗೆರೆ ಎಳೆದರು.

ತಾಯಿ ಹಾಳೆಯನ್ನು ಕನ್ನಡ ವಿಭಾಗದ ಮುಖ್ಯಸ್ಥ ಕೊಣ್ಣೂರ ಸರ್ ಬಳಿಗೆ ಒಯ್ದರು. ಅವರು ಒಗ್ಗರಣೆ ಅವಲಕ್ಕಿ ತಿನ್ನುತ್ತಿದ್ದರು. ಓದಲಿಲ್ಲ. ಎಡಗೈಯಲ್ಲೇ ಸಹಿ ಗೀಚಿ, ದುಂಡನೆಯ ಶಿಕ್ಕಾ ಹೊಡೆದರು. ತಲೆಯ ಮೇಲೆ 'ದಿನಾಂಕ' ಎಂದು ಬರೆದು ಚುಕ್ಕಿಗಳನ್ನಿಟ್ಟು ಜಾಗ ಬಿಟ್ಟಿತ್ತು. ಅದನ್ನು ತುಂಬುವುದು ಇಬ್ಬರಿಗೂ ನೆನಪಾಗಲಿಲ್ಲ.

ಮೊದಲ ದಿನ ನಮ್ಮನ್ನು ಹಂಚಿದರು. ಪ್ರತಿಯೊಬ್ಬರೂ ಕೆಳಗೆ 'ಓದಿ ಒಪ್ಪಿದ್ದೇನೆ' ಎಂಬಲ್ಲಿ ಸಹಿ ಮಾಡಿ ತಮ್ಮ ಬಳಿಯೇ ಇಟ್ಟುಕೊಳ್ಳಬೇಕಿತ್ತು. ಎಲ್ಲರೂ ಓದದೆ ಸಹಿ ಮಾಡಿದರು. ಮಕ್ಕಳನ್ನು ಏಕೆ ಬೈಯಲಿ, ಮುಖ್ಯಸ್ಥರೇ ಓದಿರಲಿಲ್ಲವಲ್ಲ. ಸಂಜೆಯ ಹೊತ್ತಿಗೆ ನನ್ನ ಒಡಹುಟ್ಟಿದವರಲ್ಲಿ ಒಬ್ಬ ಬೀಸಣಿಗೆಯಾದ, ಒಬ್ಬ ವಿಮಾನವಾಗಿ ಹಾರಿ ಚರಂಡಿಗೆ ಬಿದ್ದ, ಇನ್ನೊಬ್ಬ ಕಾಲೇಜಿನ ಹೊರಗೆ ಮಿರ್ಚಿ ಭಜಿಯ ಎಣ್ಣೆ ಹೀರಿದ.

ನನ್ನ ಪಾಲಿಗೆ ಬಂದವಳು ಮಹಾನಂದಾ ಗಾಣಿಗೇರ. ಮೂರನೆಯ ಬೆಂಚು, ಜಡೆಯಲ್ಲಿ ಜೋಳದ ಹಿಟ್ಟು. ಅವರಪ್ಪನದು ಹಿಟ್ಟಿನ ಗಿರಣಿ. ಬೆಳಿಗ್ಗೆ ಅಲ್ಲಿ ನಿಂತು ಬೀಸಿಕೊಟ್ಟೇ ಅವಳು ಕಾಲೇಜಿಗೆ ಬರುತ್ತಿದ್ದಳು. ಅವಳು ನನ್ನನ್ನು ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಸಹಿ ಮಾಡಿದಳು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಮಾಸಲಾಗಿದ್ದ ನನ್ನ ಎಡಗಡೆಯೂ ಕಪ್ಪಗಾದಂತೆ ಅನ್ನಿಸಿತು.

ಗಿರಣಿಯಲ್ಲಿ ಸ್ವಿಚ್ಚಿನ ಪಕ್ಕದ ಮೊಳೆಗೆ ನನ್ನನ್ನು ಚುಚ್ಚಿದಳು. ಅವರಪ್ಪ ಸಂಗಪ್ಪನಿಗೆ ಓದು ಬಾರದು. "ಏನೈತಿ ಮಾನಂದಾ ಅದರಾಗ?" ಎಂದು ಕೇಳಿದ. ಮನೆಯವರ ಬಾಯಲ್ಲಿ ಅವಳು ಮಾನಂದಾ. ಅವಳು ಒಂಬತ್ತನ್ನೂ ಓದಿ ಹೇಳಿದಳು. ಆರನೆಯದಕ್ಕೆ ಸಂಗಪ್ಪ ನಕ್ಕ.

"ಇದನ್ನೂ ಬರದು ಹೇಳಬೇಕೇನ? ನಮ್ಮ ಮಾತು ಬಿಟ್ಟು ಇನ್ಯಾರ ಮಾತು ಐತಿ ನಮಗ?"

ಆಮೇಲೆ ಗಂಭೀರನಾದ. "ನೋಡವಾ, ಪಾಸ್ ಆಗೋತನಕ ಕಾಲೇಜು. ಒಂದರಾಗ ಫೇಲಾಗಿ ಕುಂತಿ ಅಂದ್ರ ಸೀದಾ ಗಿರಣಿ. ನನಗೂ ಕೈ ಸಾಲವಲ್ವು." ಅವನು ಕೆಟ್ಟವನಲ್ಲ. ಗಿರಣಿ ನಡೆಸಲು ನಿಜಕ್ಕೂ ಇನ್ನೊಂದು ಜೊತೆ ಕೈ ಬೇಕಿತ್ತು.

ಎರಡು ತಿಂಗಳಿಗೆ ಮೊದಲ ಪ್ರಬಂಧ ಬಂತು. ವಿಷಯ: 'ನನಗೆ ಗೊತ್ತಿರುವ ಒಂದು ಕೆಲಸ'. ಕರೆಂಟು ಹೋಗಿ ಗಿರಣಿ ನಿಂತಿದ್ದ ಒಂದು ಮಧ್ಯಾಹ್ನ ಮಹಾನಂದಾ ಜೋಳದ ಡಬ್ಬಿಯ ಮೇಲೆ ಕಾಗದವಿಟ್ಟು ಕೂತಳು. ಮೊದಲು ಬರೆದದ್ದು, 'ಹಿಟ್ಟಿನ ಗಿರಣಿಯು ಮಾನವನ ಜೀವನದಲ್ಲಿ ಅತ್ಯಂತ ಮಹತ್ವದ ಪಾತ್ರವನ್ನು ವಹಿಸುತ್ತದೆ'. ಬರೆದು ನನ್ನ ಕಡೆ ನೋಡಿದಳು. ನಾನೂ ನೋಡಿದೆ. "ಇದು ನನ್ನ ಮಾತಲ್ಲ" ಎಂದು ಅದರ ಮೇಲೆ ಗೆರೆ ಎಳೆದಳು. ಆಮೇಲೆ ನಿಲ್ಲಲೇ ಇಲ್ಲ. ಬರೆದು ಮುಗಿಸಿ ಅಪ್ಪನಿಗೆ ಓದಿ ಹೇಳಿದ್ದರಿಂದ ನನಗೂ ಬಾಯಿಪಾಠ ಬರುತ್ತದೆ:

'ಕಲ್ಲು ಮೊಂಡ ಆತಂದ್ರ ಯಾರೂ ಹೇಳೂದು ಬ್ಯಾಡ, ಹಿಟ್ಟೇ ಹೇಳತೈತಿ. ಕೈಯಾಗ ಹಿಡದ್ರ ಸುಡತೈತಿ. ಸುಟ್ಟ ಹಿಟ್ಟಿಗೆ ಜಿಗಿ ಇರೂದಿಲ್ಲ. ಜಿಗಿ ಇಲ್ಲದ ಹಿಟ್ಟಿನ ರೊಟ್ಟಿ ಬಡಿಯೂಮುಂದ ಹರೀತೈತಿ. ಆಗ ಓಣಿ ಹೆಣ್ಮಕ್ಕಳು ಬಂದು ನಮ್ಮಪ್ಪಗ ಬೈತಾರ. ನಮ್ಮಪ್ಪ ನಕ್ಕೋತ ಕಲ್ಲು ಬಿಚ್ಚತಾನ.'

ಹೀಗೆ ನಾಲ್ಕು ಪುಟ. ಸಂಗಪ್ಪ ಕೇಳಿ, "ಖರೇ ಬರದೀ" ಎಂದ.

ಹದಿನೈದು ದಿನಕ್ಕೆ ಪ್ರಬಂಧ ಮರಳಿ ಬಂತು. ಪುಟವೆಲ್ಲ ಕೆಂಪು. 'ಜಿಗಿ'ಯನ್ನು ಹೊಡೆದು ಮೇಲೆ 'ಅಂಟು' ಎಂದು ಬರೆದಿತ್ತು. ಕೊನೆಯಲ್ಲಿ: ಭಾಷೆ ಅಶುದ್ಧ. ಹತ್ತಕ್ಕೆ ಸೊನ್ನೆ.

ಅವಳು ಅಳಲಿಲ್ಲ. ಅಳು ಬಂದದ್ದು ನನಗೆ, ಏಕೆಂದರೆ ಸೊನ್ನೆ ಬಂದವರು ಪರೀಕ್ಷೆಗೆ ಕೂರುವಂತಿಲ್ಲ ಎಂಬ ನಾಲ್ಕನೆಯ ನಿಯಮವೂ ನನ್ನ ಮೈಮೇಲೇ ಇತ್ತು. ಅವಳನ್ನು ನಂಬಿಸಿದವನೂ ನಾನೇ, ಕುತ್ತಿಗೆಗೆ ಬಂದವನೂ ನಾನೇ. ಮಹಾನಂದಾ ನನ್ನನ್ನು ಮೊಳೆಯಿಂದ ಕಿತ್ತಳು, ಹಿಟ್ಟು ಕೊಡವಿದಳು, ನಾಲ್ಕು ಮಡಿಕೆ ಮಾಡಿ ಮರುದಿನ ಮಾಳಗಿ ಸರ್ ಮೇಜಿನ ಮೇಲೆ ಬಿಚ್ಚಿದಳು.

"ಸರ್, ಆರನೇದು ಓದ್ರಿ."

ಅವರು ಓದಿ ನಕ್ಕರು. "ಸ್ವಂತ ಮಾತು ಅಂದ್ರ ಮನ್ಯಾಗ ಮಾತಾಡೋ ಹಂಗ ಅಂತಲ್ಲವಾ. ಗೈಡು ನೋಡಿ ಬರೀಬಾರ್ದು ಅಂತ ಅರ್ಥ."

"ಹಂಗಿದ್ರ ಹಂಗ ಬರೀಬೇಕಿತ್ರಿ. ಇಲ್ಲಿ ಹಿಂಗ ಬರದೈತಿ."

"ಆತು, ಶುದ್ಧ ಮಾಡಿ ಬರಕೊಂಡು ಬಾ. ಏಳನೇದು ಐತಲ್ಲ, ಒಂದು ವಾರ ಟೈಮ್ ಐತಿ."

"ತಪ್ಪಿದ್ರ ತಿದ್ದತೀನ್ರಿ. ತಪ್ಪು ಯಾವುದು ತೋರಸ್ರಿ. ಅಂಟು ಅಂದ್ರ ಗೋಂದು ಸರ್. ಹಿಟ್ಟಿಗೆ ಇರೂದು ಜಿಗಿ." ಆರನೆಯ ನಿಯಮದ ಮೇಲೆ ಬೆರಳಿಟ್ಟು ಸೇರಿಸಿದಳು: "ಬ್ಯಾರೆಯವರ ಮಾತು ಕಂಡ್ರ ಸೊನ್ನೆ ಅಂತೈತಿ. ರೈತ ದೇಶದ ಬೆನ್ನೆಲುಬು ಅಂತ ಗೈಡಿನ್ಯಾಗಿಂದು ಬರದವರಿಗೆ ಎಂಟು ಕೊಟ್ಟೀರಿ."

ಮಾಳಗಿ ಸರ್ ನಗುವುದನ್ನು ನಿಲ್ಲಿಸಿದರು. ಪ್ರಬಂಧವನ್ನು ಎಳೆದುಕೊಂಡು ಮೊದಲಿನಿಂದ ಓದತೊಡಗಿದರು. ಅವರ ಕೈಯಲ್ಲಿ ಕೆಂಪು ಪೆನ್ನು ಇತ್ತು, ಆದರೆ ಅದು ಎಲ್ಲಿಯೂ ಕೆಳಗಿಳಿಯಲಿಲ್ಲ. ನಾಲ್ಕೂ ಪುಟ ಮುಗಿದ ಮೇಲೆ, "ಮೊದಲ ತಪ್ಪು ಹುಡುಕಿದ್ನವಾ. ಈಗ ಓದಿದೆ" ಎಂದರು. ಸೊನ್ನೆ ಹೊಡೆದು ಒಂಬತ್ತು ಬರೆದರು. ಅಷ್ಟಕ್ಕೇ ಬಿಟ್ಟಿದ್ದರೆ ಅವರ ನೌಕರಿ ಉಳಿಯುತ್ತಿತ್ತೋ ಏನೋ. ಬಿಡಲಿಲ್ಲ. ಉಳಿದವರ ಪ್ರಬಂಧಗಳನ್ನೂ ಮರಳಿ ತರಿಸಿಕೊಂಡು, ಗೈಡಿನ ಮಾತು ಕಂಡಲ್ಲೆಲ್ಲ ಆರನೆಯ ನಿಯಮ ಹಾಕಿದರು. ನಲವತ್ತೊಂದು ಮಂದಿಗೆ ಸೊನ್ನೆ ಬಂತು.

ಕಾಲೇಜಿನಲ್ಲಿ ಗುಲ್ಲೆದ್ದಿತು. ನಲವತ್ತೊಂದು ಮಕ್ಕಳು ಪರೀಕ್ಷೆಗೆ ಕೂರದಿದ್ದರೆ ಯಾರು ಸುಮ್ಮನಿರುತ್ತಾರೆ? ಕೊಣ್ಣೂರ ಸರ್ ಮಾಳಗಿ ಸರ್ ಮತ್ತು ಮಹಾನಂದಾ ಇಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು. ನನ್ನನ್ನು ಮೇಜಿನ ಮೇಲೆ ಗಾಜಿನ ಗುಂಡಿನ ಕೆಳಗೆ ಇಟ್ಟರು. ಉಸಿರು ಕಟ್ಟಿತು. ಆದರೂ ಆರನೆಯ ನಿಯಮ ಮೇಲೆಯೇ ಕಾಣುತ್ತಿತ್ತು.

ಹಿತ್ತಲ ಗಿಡ ಮದ್ದಲ್ಲ ಎನ್ನುವವರನ್ನು ನೋಡಿದ್ದೀರಿ. ಕೊಣ್ಣೂರ ಸರ್ ಆ ಗಿಡದ ಕಷಾಯವನ್ನೇ ಕುಡಿಯುತ್ತ ಹಾಗೆನ್ನುವವರು. ಪ್ರಬಂಧವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಹೇಳಿದರು:

"ಹಿಂಗೂ ಬರೀತಾರೇನ್ರೀ ಮಾಳಗಿ? ಮಾತಾಡೂದು ಬ್ಯಾರೆ, ಬರಿಯೂದು ಬ್ಯಾರೆ. ನಾಳೆ ಎಲ್ಲಾರೂ ಹಿಂಗ ಬರ್ಯಾಕ ಹತ್ತಿದ್ರ ಕನ್ನಡದ ಗತಿ ಏನಾಗಬೇಕು?"

ಮಹಾನಂದಾ ಕೈ ಕಟ್ಟಿ ನಿಂತಿದ್ದಳು. ಮೆಲ್ಲಗೆ ಕೇಳಿದಳು: "ಸರ್, ನೀವು ಈಗ ಹೇಳಿದ್ದನ್ನ ಹಂಗೇ ಬರಕೊಂಡ್ರ ಅದೂ ಅಶುದ್ಧ ಆಕ್ಕೈತೇನ್ರಿ?"

ಮಾಳಗಿ ಸರ್ ಕೆಮ್ಮಿದರು. ನಗು ಮುಚ್ಚಲು ಕೆಮ್ಮುವುದನ್ನು ನಾನು ಬಲ್ಲೆ. ಕೊಣ್ಣೂರ ಸರ್ ಮುಖ ಮಿರ್ಚಿಯಂತಾಯಿತು. "ಈ ನಿಯಮಾನೇ ತಗದು ಹಾಕ್ರಿ" ಎಂದರು. ಮಾಳಗಿ ಸರ್ ಗಾಜಿನ ಗುಂಡನ್ನು ಸ್ವಲ್ಪ ಸರಿಸಿದರು. ಅದರ ಕೆಳಗೆ ಒಂಬತ್ತನೆಯದಿತ್ತು: ವರ್ಷ ಮುಗಿಯುವವರೆಗೆ ಬದಲಿಸುವಂತಿಲ್ಲ. ಅದರ ಕೆಳಗೆ ಗೀಚಿದ ಸಹಿ, ದುಂಡನೆಯ ಶಿಕ್ಕಾ.

"ಇದು ಯಾರದ್ರೀ ಸಹಿ?"

"ನಿಮ್ಮದು ಸರ್."

ಮಾಡಿದ್ದುಣ್ಣೋ ಮಹಾರಾಯ! ಒಂದು ತುತ್ತು ಅವಲಕ್ಕಿ ಬಿಟ್ಟು ಓದಿದ್ದರೆ ನನ್ನನ್ನು ಅಂದೇ ಹರಿದು ಹಾಕಬಹುದಿತ್ತು. ಈಗ ಆಗಲಿಲ್ಲ. ಮಹಾನಂದಾಳ ಒಂಬತ್ತು ಉಳಿಯಿತು. ನಲವತ್ತೊಂದು ಮಂದಿಗೆ ಏಳನೆಯ ನಿಯಮದಂತೆ ಒಂದು ವಾರ ಸಿಕ್ಕಿತು. ಆ ವಾರ ಬಂದ ಪ್ರಬಂಧಗಳನ್ನು ನಾನು ನೋಡಲಿಲ್ಲ, ಕೇಳಿದ್ದೇನೆ. ಒಬ್ಬ ಟಗರು ಸಾಕುವುದನ್ನು ಬರೆದನಂತೆ, ಒಬ್ಬಳು ಕೌದಿ ಹೊಲಿಯುವುದನ್ನು. ಮಾಳಗಿ ಸರ್ ಸ್ಟಾಫ್ ರೂಮಿನಲ್ಲಿ ಅವನ್ನು ಗಟ್ಟಿಯಾಗಿ ಓದಿ ಎಲ್ಲರ ತಲೆ ತಿಂದರಂತೆ. ಮಹಾನಂದಾ ಪಾಸಾದಳು. ಸಂಗಪ್ಪ ಗಿರಣಿಗೆ ಬಂದವರಿಗೆಲ್ಲ ಬೆಲ್ಲ ಹಂಚಿದ.

ಮುಂದಿನ ವರ್ಷ ಮಾಳಗಿ ಸರ್‌ಗೆ ಕರೆ ಬರಲಿಲ್ಲ. ನನಗೆ ಇಂದಿಗೂ ನೋವಿರುವುದು ಇದೊಂದಕ್ಕೇ. ಹೊಸ ಹಾಳೆ ಬಂತು, ಒಳ್ಳೆಯ ದಪ್ಪ ಕಾಗದ. ಆರನೆಯ ನಿಯಮ ಹೀಗಿತ್ತು: 'ಶಿಷ್ಟ ಭಾಷೆಯಲ್ಲಿ ಬರೆಯಬೇಕು.' ಒಂಬತ್ತನೆಯದು ಇರಲೇ ಇಲ್ಲ. ಹಳೆಯ ಹಾಳೆಗಳನ್ನು ಮರಳಿಸಿ ಎಂದು ನೋಟಿಸು ಹಚ್ಚಿದರು. ಮರಳಿಸಲು ಯಾರ ಬಳಿ ಇದ್ದವು? ಮಿರ್ಚಿಯವನ ಬಳಿ ಕೇಳಬೇಕಿತ್ತು. ಮಹಾನಂದಾಳ ಹತ್ತಿರ ಇದೆಯೆಂದು ಗೊತ್ತಿದ್ದರಿಂದ ಜವಾನ ಯಮನಪ್ಪನನ್ನು ಗಿರಣಿಗೇ ಕಳಿಸಿದರು.

"ಕೊಡೂದಿಲ್ಲ ಯಮನಪ್ಪಣ್ಣ. ಇದರ ಮ್ಯಾಲ ನನ್ನ ಸಹಿ ಐತಿ. ಓದಿ ಒಪ್ಪೀನಿ ನಾ" ಎಂದಳು ಅವಳು.

ಯಮನಪ್ಪ ತನ್ನ ಮನೆಯ ಜೋಳ ಬೀಸಿಸಿಕೊಂಡು ಹೋಗಿಬಿಟ್ಟ. ಸಾಹೇಬರಿಗೆ ಏನು ಹೇಳಿದನೋ ತಿಳಿಯದು.

ಈಗ ನನಗೆ ವಯಸ್ಸಾಗಿದೆ. ಮಡಿಕೆಗಳಲ್ಲಿ ಸೀಳಿದ್ದೇನೆ, ಹಿಂದೆ ಅಂಟುಪಟ್ಟಿ ಹಚ್ಚಿದ್ದಾರೆ. ಎಡಗಡೆ ಪೂರ್ತಿ ಹೋಗಿದೆ, ಅಕ್ಷರದ ಸಂದಿಯಲ್ಲೆಲ್ಲ ಹಿಟ್ಟು. ಆದರೂ ಅದೇ ಮೊಳೆಗೆ ತೂಗುತ್ತಿದ್ದೇನೆ. ಮಹಾನಂದಾ ಈಗ ಊರಿನ ಹೈಸ್ಕೂಲಿನಲ್ಲಿ ಗುಮಾಸ್ತೆ. ರವಿವಾರ ಅಪ್ಪನ ಬದಲು ಗಿರಣಿಯಲ್ಲಿ ನಿಲ್ಲುತ್ತಾಳೆ. ಕರೆಂಟು ಹೋದಾಗ ಜೋಳದ ಡಬ್ಬಿಯ ಮೇಲೆ ನೋಟುಬುಕ್ಕಿಟ್ಟು ಬರೆಯುತ್ತಾಳೆ. ಏನು ಬರೆಯುತ್ತಾಳೋ ಅದು ಅವಳ ವಿಷಯ, ಯಾರ ಮಾತಿನಲ್ಲಿ ಬರೆಯುತ್ತಾಳೆ ಎಂಬುದು ನನಗೆ ಗೊತ್ತು.

ಕಳೆದ ರವಿವಾರ ಒಬ್ಬ ಹುಡುಗಿ ಹಿಟ್ಟಿಗಾಗಿ ಕಾಯುತ್ತ ನನ್ನನ್ನು ಓದಿದಳು. ಅದೇ ಕಾಲೇಜು, ಮೊದಲ ವರ್ಷ.

"ಅಕ್ಕಾ, ಇದು ಹಳೇದು. ಈಗ ಹಿಂಗಿಲ್ಲ. ಶಿಷ್ಟ ಭಾಷೆ ಅಂತ ಐತಿ ನಮ್ಮದರಾಗ."

ಮಹಾನಂದಾ ಕಲ್ಲಿನಿಂದ ಬಂದ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡುತ್ತಿದ್ದಳು. "ಒಂಬತ್ತನೇದು ಓದು" ಎಂದಳು.

"ವರ್ಷ ಮುಗಿಯುವವರೆಗೆ ಬದಲಿಸುವಂತಿಲ್ಲ... ಯಾವ ವರ್ಷ ಅಕ್ಕಾ?"

"ಮ್ಯಾಲ ನೋಡು."

ಹುಡುಗಿ ಕತ್ತೆತ್ತಿ ನನ್ನ ತಲೆಯ ಮೇಲೆ ನೋಡಿದಳು. ಅಲ್ಲಿ 'ದಿನಾಂಕ' ಎಂದಿತ್ತು, ಮುಂದೆ ಬರೀ ಚುಕ್ಕಿಗಳು. ಖಾಲಿ ಚುಕ್ಕಿಗಳ ಮೇಲೆ ಬೆರಳಾಡಿಸಿ, ಬಾಯಿ ತುಂಬ ನಕ್ಕಳು. ಚೀಲದಿಂದ ಪೆನ್ನು ತೆಗೆದು ಆರನೆಯ ನಿಯಮವನ್ನು ತನ್ನ ಅಂಗೈ ಮೇಲೆ ಬರೆದುಕೊಂಡಳು.

ಅವರು ಎಷ್ಟು ಹೊಸ ಹಾಳೆಗಳನ್ನಾದರೂ ಅಚ್ಚು ಹಾಕಲಿ, ಎಷ್ಟು ಶಿಕ್ಕಾ ಬೇಕಾದರೂ ಹೊಡೆಯಲಿ. ನನ್ನ ವರ್ಷ ಇನ್ನೂ ಮುಗಿದಿಲ್ಲ.