ಹಡಗಿನ ಮುಂಭಾಗದ ಕೋಣೆ

ಟಕ್. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ, ಕೆಳಗೆಲ್ಲೋ ನೀರು ಸೀಳುವ ಸದ್ದು ಮಾತ್ರ, ಆಮೇಲೆ ಮತ್ತೆ ಟಕ್ — ಇವರ ಬೆರಳು, ಮಂಚದ ಅಂಚಿಗೆ, ನಿದ್ದೆಯಲ್ಲೇ. ಮನೆಯಲ್ಲಾದರೆ ಕಬ್ಬಿಣದ ಮಂಚ, ಸದ್ದೇ ಬೇರೆ, ಇಲ್ಲಿ ಮರ, ಮೆತ್ತಗೆ, ಯಾರೋ ಬಾಗಿಲು ತಟ್ಟಲೋ ಬೇಡವೋ ಅಂತ ಅನುಮಾನಿಸುತ್ತ ನಿಂತ ಹಾಗೆ. ರೈಲಿನ ಎಂಜಿನ್ನಿನಲ್ಲಿ ಒಂದು ಗುಂಡಿ ಇರುತ್ತದಂತೆ, ಡ್ರೈವರಾದವನು ಎಚ್ಚರವಾಗಿದ್ದೇನೆ ಅಂತ ಆಗಾಗ ಒತ್ತುತ್ತಿರಬೇಕಂತೆ, ಒತ್ತದಿದ್ದರೆ ಗಂಟೆ ಬಡಿದುಕೊಂಡು ಗಾಡಿ ತಾನಾಗಿ ನಿಂತುಬಿಡುತ್ತದಂತೆ, ಮದುವೆಯಾದ ಹೊಸದರಲ್ಲಿ ಹೇಳಿದ್ದರು, ನಾನು ನಕ್ಕಿದ್ದೆ, ನಮ್ಮ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಕೋಣೆಗೂ ಒಂದು ಹಾಕಿಸಿ ಕಣ್ರೀ, ಊಟ ಆದಮೇಲೆ ಎಲ್ಲರೂ ತೂಕಡಿಸ್ತೀವಿ. ಎಂಜಿನ್ ಬಿಟ್ಟು ಎರಡು ವರ್ಷವಾಯಿತು, ಬೆರಳು ಬಿಟ್ಟಿಲ್ಲ, ನಿದ್ದೆಯಲ್ಲಿ ಇದ್ದುಕೊಂಡೇ ನಿದ್ದೆ ಮಾಡುತ್ತಿಲ್ಲ ಅಂತ ಯಾರಿಗೋ ಒಪ್ಪಿಸುತ್ತಲೇ ಇದೆ, ಮತ್ತೆ ನಾನು, ಅದನ್ನು ಕೇಳುತ್ತ ಮಲಗಿರುವವಳು, ಸದ್ದು ಬಂದರೆ ಸಂಕಟ, ನಿಂತರೆ ಇನ್ನೂ ಸಂಕಟ, ನಿಂತ ಕೂಡಲೇ ಕತ್ತು ಎತ್ತಿ ಎದೆ ಏಳುತ್ತಿದೆಯೇ ನೋಡುತ್ತೇನೆ, ಏಳುತ್ತಿದೆ, ಮಲಗು, ಸುಮ್ಮನೆ ಮಲಗು. ಹಡಗು ಮೂತಿ ಎತ್ತಿ ಇಳಿಸುತ್ತದೆ, ಹೊಟ್ಟೆ ಒಂದು ಕ್ಷಣ ಹಿಂದೆ ಉಳಿದು ಆಮೇಲೆ ಬಂದು ಸೇರಿಕೊಳ್ಳುತ್ತದೆ, ಆ ಟಿಕೆಟ್ ಹುಡುಗಿ ಹೇಳಿದ್ದಳು, ಹೇಳಿಲ್ಲ ಅನ್ನುವ ಹಾಗಿಲ್ಲ.

ಹಡಗಿನ ನಕ್ಷೆಯನ್ನು ಮೇಜಿನ ಮೇಲೆ ಹಾಸಿದ್ದಳು, ಮೇಲಿನಿಂದ ನೋಡಿದರೆ ಇಸ್ತ್ರಿಪೆಟ್ಟಿಗೆ ಇದ್ದ ಹಾಗಿತ್ತು, ಒಳಗೆಲ್ಲ ಬೆಂಕಿಪೊಟ್ಟಣದಂಥ ಕೋಣೆಗಳು, ಪೆನ್ಸಿಲಿನ ತುದಿಯಿಂದ ಮಧ್ಯಕ್ಕೆ ಕುಟ್ಟಿದಳು, ನಡುಭಾಗದ್ದು ತಗೊಳ್ಳಿ ಮೇಡಂ, ತೊಟ್ಟಿಲಿನ ಥರ ಇರತ್ತೆ, ಮುಂದಿನದು ಉಯ್ಯಾಲೆ, ಗಾಳಿ ಜೋರಾದ್ರೆ ಬಾಲ್ಕನಿ ಬಾಗಿಲೇ ತೆಗೆಯೋಕೆ ಬರಲ್ಲ, ಕತ್ತಲಾದ ಮೇಲೆ ಪರದೆ ಎಳೀಲೇಬೇಕು, ಯಾಕೆ ಗೊತ್ತಾ, ಮೇಲ್ಗಡೆ ಹಡಗು ನಡೆಸೋರ ಕಣ್ಣಿಗೆ ನಿಮ್ಮ ದೀಪ ಹೊಡೆಯತ್ತೆ. ಹೊಸದಾಗಿ ಮದುವೆಯಾದೋರು ಮುಂದಿನದು ಕೇಳ್ತಾರೆ, ನಿಮ್ಮಂಥೋರು ಯಾರೂ ಕೇಳಲ್ಲ. ನಿಮ್ಮಂಥೋರು ಅಂದರೆ ಎಂಥೋರು ಅಂತ ಕೇಳಬೇಕೆನ್ನಿಸಿತು, ಗಾಜಿನಾಚೆ ಇವರು ಬೆಂಚಿನ ಮೇಲೆ ಕೂತಿದ್ದರು, ರಸ್ತೆಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ. ಇವರು ಈಗ ಕೂರುವುದೇ ಹಾಗೆ. ಬಸ್ಸಿನಲ್ಲಿ ಕೊನೆಯ ಸೀಟು, ಕಾರಿನಲ್ಲಿ ಹಿಂದೆ, ತಲೆ ತಗ್ಗಿಸಿ ತಮ್ಮ ಮಂಡಿಯನ್ನೇ ನೋಡುತ್ತ, ರಸ್ತೆಯಲ್ಲಿ ನನ್ನ ಹಿಂದೆ ನಡೆಯುತ್ತಾರೆ, ಇಷ್ಟು ವರ್ಷ ಹೆಂಡತಿ ಬಂದಳೋ ಬಿಟ್ಟಳೋ ಅಂತ ತಿರುಗಿಯೂ ನೋಡದೆ ದಾಪುಗಾಲು ಹಾಕುತ್ತಿದ್ದ ಮನುಷ್ಯ. ನಾನು ಏನು ಲೆಕ್ಕ ಹಾಕಿದೆ — ಸಮುದ್ರದಲ್ಲಿ ಹಳಿ ಇಲ್ಲ, ಗೇಟಿಲ್ಲ, ಸೈಕಲ್ ತಳ್ಳಿಕೊಂಡು ಅಡ್ಡ ದಾಟುವವರಿಲ್ಲ, ಎದುರು ಕೂತು ನೋಡಲಿ, ಗಂಟೆಗಟ್ಟಲೆ ನೋಡಲಿ, ಏನೂ ಬರುವುದಿಲ್ಲ, ಏನೂ ಬರುವುದಿಲ್ಲ ಅಂತ ಕಣ್ಣಿಗೆ ಒಮ್ಮೆ ನಂಬಿಕೆ ಬಂದರೆ ಸಾಕು. ಮುಂದಿನದೇ ಕೊಡಮ್ಮ ಅಂದೆ. ಇವರಿಗೆ ಬಾಲ್ಕನಿ ಇದೆ ಅಂತ ಹೇಳಿದೆ, ಯಾವ ಕಡೆಯದು ಅಂತ ಹೇಳಲಿಲ್ಲ. ಮಗಳು ಫೋನಿನಲ್ಲಿ ಕೂಗಿದಳು, ಅಮ್ಮಾ, ನಿಂಗೆ ತಲೆ ಕೆಟ್ಟಿದ್ಯಾ, ಡಾಕ್ಟರು ಏನಂದಿದ್ರು, ಒತ್ತಾಯ ಮಾಡ್ಬೇಡಿ, ತಾವಾಗೇ ನೋಡೋ ದಿನ ನೋಡ್ತಾರೆ ಅಂದಿದ್ರಲ್ವಾ, ನೀನು ಸೀದಾ ಹೋಗಿ ಮುಂದಿನದನ್ನ ತಗೊಂಡಿದೀಯ. ಒತ್ತಾಯ ಅಲ್ಲ ಕಣೇ, ಅನುಕೂಲ ಅಂದೆ. ಅನುಕೂಲ, ಎಷ್ಟು ನುಣುಪಾದ ಶಬ್ದ, ಇಂಥವನ್ನು ಹುಡುಕಿಕೊಡುವುದೇ ಅಲ್ಲವೇ ನನ್ನ ಕೆಲಸವಾಗಿದ್ದದ್ದು.

ಅನಿವಾರ್ಯ ಕಾರಣಗಳಿಂದ, ಅಂತ ಅವತ್ತು ನಾನೇ ಓದಿದೆ, ಮೈಕಿನ ಮುಂದೆ, ಉಸಿರು ಎಲ್ಲಿ ತಗೊಳ್ಳಬೇಕೋ ಅಲ್ಲೇ ತಗೊಂಡು, ಅನಿವಾರ್ಯ ಕಾರಣಗಳಿಂದ ಗಾಡಿ ತಡವಾಗಿ ಬರುವುದು, ಪ್ರಯಾಣಿಕರಿಗಾಗುವ ತೊಂದರೆಗೆ ವಿಷಾದಿಸುತ್ತೇವೆ — ಅದು ಇವರ ಗಾಡಿ ಅಂತ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ, ಓದಿ ಮುಗಿಸಿ ಚಹಾ ಕುಡಿದೆ, ಬಿಸಿಯಾಗಿತ್ತು, ನಾಲಿಗೆ ಸುಟ್ಟಿತು, ಆ ಹೊತ್ತಿಗೆ ಇವರು ಹಳಿಯ ಪಕ್ಕದ ಜಲ್ಲಿಯ ಮೇಲೆ ಕೂತಿದ್ದರಂತೆ. ಹಳಿ ದಾಟುತ್ತಿದ್ದ ಒಬ್ಬ ಹುಡುಗನ ಸೈಕಲ್ಲಿನ ಚಕ್ರ ಹಳಿಯ ಸಂದಿಗೆ ಸಿಕ್ಕಿತ್ತು. ಬಿಟ್ಟು ಓಡಬಹುದಿತ್ತು. ಬಿಡಲಿಲ್ಲ ಆ ಹುಡುಗ, ಎಳೆದ, ಎಳೆದ, ಆಮೇಲೆ ಇವರ ಕಡೆ ತಿರುಗಿ ಕೈ ಅಡ್ಡ ಹಿಡಿದನಂತೆ, ಬಸ್ಸು ನಿಲ್ಲಿಸುವವರು ಹಿಡಿಯುತ್ತಾರಲ್ಲ, ಹಾಗೆ. ಗಾಡಿ ನಿಂತದ್ದು ಅವನನ್ನು ದಾಟಿದ ಮೇಲೆ. ತನಿಖೆಯವರು ನಿಮ್ಮದೇನೂ ತಪ್ಪಿಲ್ಲ ಅಂದರು, ಬ್ರೇಕು ಹಾಕಬೇಕಾದಲ್ಲಿ ಹಾಕಿದ್ದೀರಿ, ಹಾರ್ನು ಹೊಡೆಯಬೇಕಾದಲ್ಲಿ ಹೊಡೆದಿದ್ದೀರಿ ಅಂದರು, ಎಲ್ಲ ಸರಿಯಾಗಿ ಮಾಡಿದ ಮನುಷ್ಯ ಮನೆಗೆ ಬಂದು ಕುರ್ಚಿಯನ್ನು ಕಿಟಕಿಗೆ ಬೆನ್ನಾಗುವ ಹಾಗೆ ತಿರುಗಿಸಿ ಕೂತರು. ಅಲ್ಲಿಂದ ನಾನು ಇವರನ್ನು ನೋಡಲು ಹಿಡಿದೆ. ಎಷ್ಟು ತಿಂದರು, ಎಷ್ಟು ನಿದ್ದೆ, ಬೆರಳು ಎಷ್ಟು ಹೊತ್ತು ಕುಟ್ಟಿತು, ದಿನಾ ಸಂಜೆ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ನಲ್ಲಿ ಬಿಟ್ಟು ಮಗಳಿಗೆ ಫೋನಿನಲ್ಲಿ ಒಪ್ಪಿಸುವುದು, ಮಗಳು ಡಾಕ್ಟರಿಗೆ ಒಪ್ಪಿಸುವುದು. ಒಂದು ಸಲ ಬಾಗಿಲು ತೆಗೆದರೆ ಇವರು ಟವೆಲ್ ಹಿಡಿದು ನಿಂತಿದ್ದಾರೆ. ಏನು, ನನ್ನ ಗಾಡಿ ಇವತ್ತು ಎಷ್ಟು ತಡ ಅಂತ ಅನೌನ್ಸ್ ಮಾಡಿ ಆಯ್ತಾ? ಸಿಟ್ಟಿರಲಿಲ್ಲ ದನಿಯಲ್ಲಿ, ತಮಾಷೆಯಾಗಿಯೇ ಅಂದರು, ಸಿಟ್ಟಾಗಿದ್ದರೆ ಚೆನ್ನಾಗಿತ್ತು. ನೀನೊಂದು ಸಿಗ್ನಲ್ ಕಂಬ ಕಣೇ, ಒಂಟಿ ಕಾಲಲ್ಲಿ ನಿಂತು ನನ್ನನ್ನೇ ನೋಡ್ತಿರ್ತೀಯ, ಮಳೆ ಅನ್ನಲ್ಲ ಬಿಸಿಲು ಅನ್ನಲ್ಲ.

ಇಲ್ಲಿ ಬಂದು ಬಾಗಿಲು ತೆಗೆದಾಗ ಎದುರಿಗೆ ಇಡೀ ಗೋಡೆಯೇ ಗಾಜು, ಅದರಾಚೆ ನೀರು, ನೀರು ಬಿಟ್ಟರೆ ನೀರು. ಇವರು ಹೊಸ್ತಿಲಲ್ಲೇ ನಿಂತರು. ಮುಂದಿನದಾ, ಅಂದರು. ಅಷ್ಟೇ. ಚೀಲ ಕೆಳಗಿಟ್ಟು, ಕುರ್ಚಿಯನ್ನು ಎತ್ತಿ — ಎಳೆಯಲಿಲ್ಲ, ಎತ್ತಿ, ಸದ್ದಾಗದ ಹಾಗೆ — ತಿರುಗಿಸಿಟ್ಟು ಬಾಗಿಲ ಕಡೆ ಮುಖ ಮಾಡಿ ಕೂತರು. ಎರಡು ದಿನ. ಕೋಣೆ ಗುಡಿಸಲು ಬರುವವನು ಪಾಪ ಬೆಳಿಗ್ಗೆ ಬಂದು ಪರದೆ ಸರಿಸಿ, ಸಾರ್ ಈ ಕಡೆ ನೋಡಿ ಸಾರ್, ಈ ಕೋಣೆಗೆ ಜನ ಮುಗಿಬೀಳ್ತಾರೆ, ಅಂದ, ಇವರು ನೋಡಿದೆ ಕಣಪ್ಪಾ ಅಂದರು, ಬಾಗಿಲ ಹಿಂದಿನ ಸೂಚನಾಫಲಕವನ್ನು ಓದುತ್ತ. ಲೈಫ್ ಜಾಕೆಟ್ ಹೇಗೆ ಕಟ್ಟಿಕೊಳ್ಳಬೇಕು ಅನ್ನುವುದು ಇವರಿಗೆ ಈಗ ಬಾಯಿಪಾಠ. ಕತ್ತಲಾಗುತ್ತಲೇ ಮಾತ್ರ ತಾವೇ ಎದ್ದು, ಹಿಮ್ಮುಖವಾಗಿ ನಡೆದು, ಕೈ ಹಿಂದೆ ಚಾಚಿ, ಪರದೆಯನ್ನು ಒಂದಿಷ್ಟೂ ಸಂದಿ ಬಿಡದ ಹಾಗೆ ಎಳೆಯುತ್ತಾರೆ, ಮೇಲೆ ಗಾಡಿ ನಡೆಸೋರಿಗೆ ತೊಂದ್ರೆ ಆಗಬಾರ್ದು ಅನ್ನುತ್ತಾರೆ, ಹಡಗು ಅನ್ನುವುದಿಲ್ಲ, ಗಾಡಿ. ಸಂಜೆ ಮಗಳ ಮೆಸೇಜು — ಅಪ್ಪ ನೋಡಿದ್ರಾ? ಇನ್ನೂ ಉತ್ತರ ಹಾಕಿಲ್ಲ. ಏನಂತ ಹಾಕಲಿ, ನಾನು ತಪ್ಪು ಕೋಣೆ ತಗೊಂಡೆ ಅಂತಲೇ, ಅರ್ಧ ವಾಸಿಯಾಗಿದ್ದ ಗಾಯಕ್ಕೆ ಉಗುರು ಹಾಕಿದೆ ಅಂತಲೇ, ಇಲ್ಲಿಂದ ಹೋದಮೇಲೆ ಇವರು ಬೆನ್ನು ತಿರುಗಿಸುವುದಕ್ಕೆ ಗೋಡೆಯೂ ಸಾಲದಾದರೆ — ಮನೆಯ ಹಿಂಬಾಗಿಲಿಗೆ ಚಿಲಕ ಹಾಕಿದೆನೇ, ಹಾಕಿದೆ, ಎಳೆದು ನೋಡಿದೆ, ನೋಡಿದ್ದು ನೆನಪಿದೆಯೇ ಅಥವಾ ನೋಡಬೇಕು ಅಂದುಕೊಂಡದ್ದೇ — ನಿಂತಿತು.

ಬೆರಳು ನಿಂತು ಎಷ್ಟು ಹೊತ್ತಾಯಿತೋ. ಕತ್ತು ಎತ್ತುತ್ತೇನೆ, ಹಾಸಿಗೆಯ ಆ ಬದಿ ಖಾಲಿ, ಹೊದಿಕೆ ಮಡಿಸಿಟ್ಟ ಹಾಗೆ ಒಂದು ಕಡೆಗೆ ಸರಿದಿದೆ, ಬಚ್ಚಲಿಗೆ ಹೋಗಿರಬೇಕು ಅನ್ನುವಷ್ಟರಲ್ಲಿ ಪರದೆ ಹೊಟ್ಟೆ ಉಬ್ಬಿಸಿಕೊಂಡು ನನ್ನ ಕಡೆ ಬರುತ್ತದೆ, ತಣ್ಣನೆಯ ಗಾಳಿ, ಉಪ್ಪಿನ ವಾಸನೆ, ಆಮೇಲೆ ದಪ್ಪ ಬಾಗಿಲು ಮುಚ್ಚಿಕೊಂಡು ಎಲ್ಲ ಸದ್ದೂ ಒಮ್ಮೆಲೇ ಇಲ್ಲವಾಗುತ್ತದೆ. ಹೊರಗೆ. ಇವರು ಹೊರಗೆ ಹೋದರು. ಎದ್ದಿದ್ದೇನೆ, ಕಾಲು ನೆಲಕ್ಕೆ ಯಾವಾಗ ತಾಗಿತೋ, ಪರದೆಯ ಅಂಚು ಕೈಯಲ್ಲಿದೆ, ಬಚ್ಚಲ ದೀಪ ಉರಿಯುತ್ತಿದೆಯಲ್ಲ, ಸಂದಿಯಿಂದ ಬೆಳಕು ಹೋದರೆ ಮೇಲಿನವರ ಕಣ್ಣಿಗೆ, ಓಡಿ ಆರಿಸಿ ಮತ್ತೆ ಬರುತ್ತೇನೆ, ಎದೆಮಟ್ಟದ ಉಕ್ಕಿನ ಗೋಡೆ ಇದೆ, ಎದೆಮಟ್ಟ, ಹಗಲಲ್ಲಿ ನಾನೇ ನಿಂತು ಅಳೆದಿದ್ದೇನೆ, ಆದರೂ. ಬಾಗಿಲು ಒಂದಿಷ್ಟೇ ಸರಿಸುತ್ತೇನೆ, ಒಂದು ಕಿವಿ ಹೋಗುವಷ್ಟು. ಗೋಡೆಯ ಮೇಲೆ ಎರಡೂ ಕೈ ಊರಿ ನಿಂತಿದ್ದಾರೆ, ಶರ್ಟು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದೆ, ಮುಖ ಎದುರಿಗೆ, ನೇರ ಎದುರಿಗೆ, ಎರಡು ವರ್ಷದಲ್ಲಿ ಮೊದಲ ಸಲ ನನ್ನ ಮುಂದೆ ನಿಂತ ಇವರ ಬೆನ್ನನ್ನು ನೋಡುತ್ತಿದ್ದೇನೆ, ಇಷ್ಟು ದಿನ ನನ್ನ ಹಿಂದೆಯೇ ಇದ್ದರಲ್ಲ. ಖುಷಿಪಡಬೇಕು ಅಂತ ಹೊಳೆಯುವುದಕ್ಕೆ ಮೊದಲೇ ಅದು ಕಂಡಿತು.

ಒಂದು ದೀಪ. ದೂರದಲ್ಲಿ, ನೀರಿಗೆ ತಾಗಿಕೊಂಡ ಹಾಗೆ, ಹಳದಿ, ಕಡ್ಡಿ ಗೀರಿದಷ್ಟು, ನಮ್ಮ ಮೂತಿಯ ನೇರಕ್ಕೆ. ಮೀನಿನ ದೋಣಿಯಿರಬೇಕು. ಇಷ್ಟು ದೊಡ್ಡ ಸಮುದ್ರ ಬಿಟ್ಟು ನಮ್ಮ ಎದುರಿಗೇ, ಏನೂ ಬರುವುದಿಲ್ಲ ಅಂದಿದ್ದೆ, ಯಾರು ಹೇಳಿದರು ನನಗೆ, ಯಾವ ಬಾಯಲ್ಲಿ ಹೇಳಿದೆ, ದೇವರೇ, ಒಳಗೆ ಕರೆಯಲೇ, ರೀ ಚಳಿ ಇದೆ ಒಳಗೆ ಬನ್ನಿ ಅನ್ನಲೇ, ದೀಪ ಸ್ವಲ್ಪ ದೊಡ್ಡದಾಯಿತು, ನಾವು ಹೋಗುತ್ತಲೇ ಇದ್ದೇವೆ. ಪಕ್ಕದ ಮನೆಯಾತ ಒಮ್ಮೆ ಕೇಳಿದ್ದ, ಒಳ್ಳೆಯ ಮನುಷ್ಯನೇ, ಸಮಾಧಾನ ಹೇಳಲು ಬಂದವನೇ, ಅಲ್ಲಾ ಅಣ್ಣ, ಅಷ್ಟು ದೂರದಿಂದ ಕಂಡಿತ್ತು ಅಂತೀರಿ, ಒಂಚೂರು ಪಕ್ಕಕ್ಕೆ ತಿರುಗಿಸೋಕೆ ಆಗಲಿಲ್ವಾ? ಇವರು ಹೇಳಿದರು, ಎಂಜಿನ್ನಲ್ಲಿ ಸ್ಟೀರಿಂಗ್ ಇರಲ್ಲಪ್ಪಾ, ಹೋಗೋದು ಒಂದು, ನಿಲ್ಲೋದು ಒಂದು, ಎರಡೇ ಇರೋದು. ಆತ ಚಹಾ ಲೋಟ ಅರ್ಧಕ್ಕೇ ಇಟ್ಟು ಹೋದ. ದೀಪ ಈಗ ಒಂದಲ್ಲ, ಅದರ ಕೆಳಗೆ ನೀರಿನಲ್ಲಿ ಇನ್ನೊಂದು ನಡುಗುತ್ತಿದೆ. ಇವರು ಬಲಗೈ ಎತ್ತಿದರು, ಬೆರಳು ಚಾಚಿ. ಮುಂದೆ ದೀಪ, ಅಂದರು. ಗಟ್ಟಿಯಾಗಿ, ಡ್ಯೂಟಿಯ ದನಿ. ಎಂಜಿನ್ನಿನಲ್ಲಿ ಹಾಗೆಯೇ, ಕಂಡದ್ದನ್ನು ಒಬ್ಬ ಕೂಗಿ ಹೇಳಬೇಕು, ಜೊತೆಗಾರ ಅದನ್ನೇ ತಿರುಗಿ ಕೂಗಬೇಕು, ಇಬ್ಬರೂ ನೋಡಿದ್ದೇವೆ ಅಂತ ಆಗಬೇಕು. ಈಗ ತಿರುಗಿ ಹೇಳುವವರು ಯಾರೂ ಇಲ್ಲ. ನನ್ನ ನಾಲಿಗೆಯ ಮೇಲೆ ಬಂದಿದೆ, ಮುಂದೆ ದೀಪ, ಎರಡೇ ಶಬ್ದ, ಇಡೀ ಜೀವನ ಬೇರೆಯವರು ಬರೆದುಕೊಟ್ಟದ್ದನ್ನು ಸ್ಪಷ್ಟವಾಗಿ ಓದಿದವಳು, ಇದನ್ನು ಹೇಳಲು ಬಾಯಿ ತೆರೆದು, ತೆರೆದದ್ದು ತೆರೆದೇ ಇದೆ, ಏಕೆಂದರೆ ಆಗಲೇ ನೆಲ ವಾಲಿತು.

ತೀರಾ ಸ್ವಲ್ಪ, ಸ್ಟೂಲಿನ ಮೇಲಿನ ನೀರಿನ ಲೋಟ ಅಂಗುಲದಷ್ಟು ಸರಿದು ನಿಲ್ಲುವಷ್ಟು. ಮೊದಲು ನನ್ನ ಪಾದಕ್ಕೆ ಗೊತ್ತಾಯಿತು, ಆಮೇಲೆ ಕಣ್ಣಿಗೆ. ದೀಪ ಎಡಕ್ಕೆ ಜಾರುತ್ತಿದೆ. ಅವಸರವಿಲ್ಲದೆ, ಯಾರೋ ಬೆರಳಿನಿಂದ ತಳ್ಳಿದ ಹಾಗೆ, ನೇರಕ್ಕಿದ್ದದ್ದು ಎಡಕ್ಕೆ, ಇನ್ನೂ ಎಡಕ್ಕೆ, ಇವರ ಎತ್ತಿದ ಕೈ ಅದರ ಜೊತೆಯಲ್ಲೇ ತಿರುಗುತ್ತಿದೆ, ಮೇಲೆ ಕತ್ತಲಲ್ಲಿ ಕೂತ ಯಾರೋ ನೋಡಿದ್ದಾರೆ, ಕಣ್ಣಿಗೆ ಬೆಳಕು ಹೊಡೆಯದೆ ಇರುವುದರಿಂದ ನೋಡಿದ್ದಾರೆ, ಇಷ್ಟು ದೊಡ್ಡ ಗಾಡಿ, ಊರಿಗೆ ಊರೇ ಹೊತ್ತುಕೊಂಡ ಗಾಡಿ, ಪಕ್ಕಕ್ಕೆ ತಿರುಗುತ್ತಿದೆ. ದೋಣಿ ನಮ್ಮ ಎಡಬದಿಯಲ್ಲಿ ಹಾದುಹೋಯಿತು, ದೂರದಲ್ಲೇ, ದೀಪದ ಕೆಳಗೆ ಒಂದು ಗುಪ್ಪೆ, ಮನುಷ್ಯನ ಬೆನ್ನೋ ಬಲೆಯ ರಾಶಿಯೋ, ಮನುಷ್ಯನೇ ಆಗಿದ್ದರೆ ತಲೆ ಎತ್ತಿ ಕೂಡ ನೋಡಲಿಲ್ಲ, ತನ್ನ ಪಾಡಿಗೆ ತಾನು. ತಿರುಗ್ತು, ಅಂದರು ಇವರು. ಡ್ಯೂಟಿಯ ದನಿಯಲ್ಲ. ತಿರುಗ್ತು ನೋಡೋ. ಪಕ್ಕದಲ್ಲಿ ಯಾರೋ ಗೋಡೆಗೆ ಒರಗಿ ನಿಂತಿರುವ ಹಾಗೆ, ಆ ಸೈಕಲ್ಲಿನ ಹುಡುಗನ ವಯಸ್ಸಿನವನು, ಅವನಿಗೆ ತೋರಿಸುವ ಹಾಗೆ ಬೆರಳು ಚಾಚಿ, ನೋಡೋ, ನೋಡಿದ್ಯಾ, ಆಮೇಲೆ ಕೈ ಇಳಿಸಿ, ಇನ್ನೂ ಏನೋ ಹೇಳುತ್ತಿದ್ದಾರೆ, ಮೆತ್ತಗೆ, ತುಂಬ ಹೊತ್ತು, ಗಾಳಿ ಅದನ್ನು ಎತ್ತಿಕೊಂಡು ಹೋಗುತ್ತಿದೆ, ಕಿವಿ ಇನ್ನೊಂದು ಬೆರಳಿನಷ್ಟು ಮುಂದೆ ಇಟ್ಟರೆ ಕೇಳುತ್ತದೆ. ಇಡಲಿಲ್ಲ. ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿದೆ.

ಮಲಗಿದ್ದೇನೆ, ಕಣ್ಣು ಮುಚ್ಚಿ, ಉಸಿರನ್ನು ನಿದ್ದೆಯವರ ಉಸಿರಿನ ಹಾಗೆ ಉದ್ದಕ್ಕೆ ಎಳೆಯುತ್ತ. ಬಂದರು, ಪರದೆಯನ್ನು ಸಂದಿ ಇಲ್ಲದ ಹಾಗೆ ಎಳೆದರು, ಹಾಸಿಗೆ ಕುಸಿಯಿತು, ತಣ್ಣಗಿನ ಪಾದ ನನ್ನ ಪಾದಕ್ಕೆ ತಾಗಿತು, ಹಿಂದೆ ತೆಗೆಯಲಿಲ್ಲ ಇವರು. ಮಗಳಿಗೆ ಬೆಳಿಗ್ಗೆ — ಅಪ್ಪ ಹೊರಗೆ ನಿಂತಿದ್ದರು, ನಿಂತಿದ್ದರು ಅಲ್ಲ, ಅಪ್ಪ ಎದುರಿಗೆ ನೋಡಿದರು, ಅದೂ ಅಲ್ಲ, ಮಾತಾಡಿದರು, ಯಾರ ಹತ್ತಿರ ಅಮ್ಮ, ಏನು ಮಾತಾಡಿದ್ರು, ಎಷ್ಟು ಹೊತ್ತು, ಅತ್ತರಾ, ಡಾಕ್ಟರಿಗೆ ಹೇಳ್ತೀನಿ ತಡಿ — ಶಬ್ದ ಜೋಡಿಸಿದಷ್ಟೂ ಅದು ಸುಳ್ಳಾಗುತ್ತದೆ, ಮೈಕಿನಲ್ಲಿ ಕೇಳಿದ ಹಾಗೆ ಆಗುತ್ತದೆ. ಹವೆ ಚೆನ್ನಾಗಿದೆ, ಊಟ ಪರವಾಗಿಲ್ಲ ಅಂತ ಹಾಕುತ್ತೇನೆ. ಮಗಳಿಗಿಲ್ಲ, ಡಾಕ್ಟರಿಗಿಲ್ಲ, ಇವರಿಗೂ ಇಲ್ಲ, ನೋಡಿದೆ ಅಂತ ಇವರಿಗೆ ಎಂದೂ ಹೇಳುವುದಿಲ್ಲ, ಇದು ಅವರಿಬ್ಬರದು, ನನಗೆ ಬಂದದ್ದು ಅಷ್ಟೇ, ಆ ದೀಪ, ನೇರಕ್ಕಿದ್ದದ್ದು, ಎಡಕ್ಕೆ, ಯಾರಿಗೂ ಹೇಳುವುದಿಲ್ಲ, ಇನ್ನೂ ಎಡಕ್ಕೆ, ದೀಪ ಜಾರುತ್ತಿದೆ