ದೀವಿಹಲಸಿನ ಎಲೆಯ ತುದಿ

ನನ್ನ ಬಲಗೈ ನಡುಗಲು ಶುರುವಾಗಿ ಎರಡು ವರ್ಷವಾಯಿತು. ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳಿದರು, ನಾನು ಕೇಳಿಸಿಕೊಳ್ಳಲಿಲ್ಲ. ಹೆಸರು ಗೊತ್ತಾದರೆ ಉಳಿ ನೆಟ್ಟಗೆ ನಿಲ್ಲುತ್ತದೆಯೇ? ಮೂವತ್ತು ವರ್ಷ ಮರದ ಹಲಗೆಯಲ್ಲಿ ಬಟ್ಟೆಯ ಅಚ್ಚು ಕೆತ್ತಿದವಳು ನಾನು. ನಮ್ಮೂರು ವೈತೆಲೆಯ ಹೆಂಗಸರು ಭಾನುವಾರ ಚರ್ಚಿಗೆ ತೊಡುವ ಪುಲೆತಾಸಿ ಎಂಬ ಮೇಲಂಗಿ-ಲಂಗದ ಜೋಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನನ್ನ ಹಲಗೆಯ ಮೇಲೆ ಬಟ್ಟೆ ಹಾಸಿ ಬಣ್ಣ ತಿಕ್ಕಿ ತೆಗೆದವು.

ಹೊಸ ಚರ್ಚು ತೆರೆಯುವ ದಿನ ಮಹಿಳಾ ಸಮಿತಿಯ ನಲವತ್ತು ಹೆಂಗಸರೂ ಒಂದೇ ಅಚ್ಚಿನ ಬಟ್ಟೆ ತೊಡಬೇಕೆಂದು ತೀರ್ಮಾನವಾಯಿತು. ಮರುದಿನವೇ ಅಧ್ಯಕ್ಷೆ ಸಿಯೆನಿ ನಮ್ಮ ಮನೆಗೆ ಬಂದು ಚಾಪೆಯ ಮೇಲೆ ಕೂತಳು. ಕೆಲಸ ಕೊಡಲು ಬಂದಿದ್ದಾಳೆ ಎಂದು ನನಗೆ ಖುಷಿ. ಆ ಖುಷಿ ಅವಳಿಗೆ ಕೊಟ್ಟ ಕೋಕೋ ಆರುವ ತನಕವೂ ಉಳಿಯಲಿಲ್ಲ.

“ಇಯಾನೇಟಾ, ನೀನಿನ್ನು ಆರಾಮಾಗಿರು,” ಅಂದಳು. “ಅಚ್ಚಿನ ಕೆಲಸ ಅಪಿಯಾ ಪೇಟೆಯವರಿಗೆ ಕೊಡೋಣ ಅಂತಿದೀವಿ. ನಿನ್ನ ಹೆಸರು ಪ್ರಾರ್ಥನೇಲಿ ಹೇಳ್ತೀವಿ.”

“ನಾನೇನು ಸತ್ತಿದೀನಾ, ಪ್ರಾರ್ಥನೇಲಿ ಹೇಳೋಕೆ?”

“ನಿನ್ನ ಬಾಯಿಗೆ ಮಾತ್ರ ಏನೂ ಆಗಿಲ್ಲ ನೋಡು,” ಎಂದು ನಕ್ಕಳು. “ಶನಿವಾರ ನಮೂನೆ ಆರಿಸ್ತೀವಿ. ಯಾರು ತಂದ್ರೂ ಇಟ್ಟು ನೋಡ್ತೀವಿ, ಆಯ್ತಾ?”

ಅವಳು ಹೋದ ಮೇಲೆ ಅಳು ಬಂತು. ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ನನ್ನ ತಮ್ಮನ ಮಗಳು ತೈಮಾನೆಯ ಅಂಗಡಿಗೆ ನಡೆದೆ. ಅವಳು ಕಂಪ್ಯೂಟರಿನಲ್ಲಿ ಚಿತ್ರ ಬರೆದು ರಗ್ಬಿ ಹುಡುಗರ ಅಂಗಿಗೆ ಅಚ್ಚು ಹಾಕುತ್ತಾಳೆ. ಅದನ್ನು ಕೆಲಸ ಎಂದು ನಾನು ಅಲ್ಲಿಯ ತನಕ ಒಪ್ಪಿರಲಿಲ್ಲ.

“ನಂಗೆ ಹೇಳಿಕೊಡು,” ಅಂದೆ. “ಆದ್ರೆ ನಮೂನೆ ನನ್ನದು ಅಂತ ಯಾರಿಗೂ ಹೇಳಬೇಡ. ಪಾಪ ಅಂತ ಆರಿಸಿದ್ರೆ ಆ ಬಟ್ಟೇನ ನಾನು ಮುಟ್ಟಲ್ಲ.”

ಮೊದಲ ದಿನ ಮೌಸು ಹಿಡಿದು ದೀವಿಹಲಸಿನ ಎಲೆ ಬರೆಯಲು ಹೋದೆ. ನನ್ನ ಕೈಯ ನಡುಕವನ್ನು ಆ ಯಂತ್ರ ಒಂದೂ ಬಿಡದೆ ತೆರೆಯ ಮೇಲೆ ಎಳೆದು ತೋರಿಸಿತು. ಇಂಥ ಚಾಡಿಕೋರ ಯಂತ್ರ ಬೇಡ ಎಂದು ಎದ್ದೆ.

“ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ,” ಅಂದಳು ತೈಮಾನೆ. “ಕೂತ್ಕೊಳ್ಳಿ ಅತ್ತೆ. ಗೆರೆ ಎಳೆಯೋಕೆ ಹೋಗಬೇಡಿ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ ಇಡಿ. ಮಧ್ಯದ್ದು ಅದೇ ನೋಡ್ಕೊಳ್ಳತ್ತೆ.”

ಇಟ್ಟೆ. ಎರಡನೆಯ ಚುಕ್ಕಿ ಎಲ್ಲೋ ಹೋಗಿ ಬಿತ್ತು. ಬಾಣದ ಗುರುತಿನ ಕೀಲಿ ಒತ್ತಿ, ಕೂದಲೆಳೆಯಷ್ಟು ಸರಿಸುತ್ತ, ಅದನ್ನು ಬೇಕಾದ ಜಾಗಕ್ಕೆ ತಂದೆ. ಕೈ ಕುಣಿಯುತ್ತಲೇ ಇತ್ತು, ಆದರೆ ಆ ಎರಡು ಚುಕ್ಕಿಗಳ ನಡುವಿನ ಗೆರೆಗೆ ಅದು ಗೊತ್ತೇ ಇರಲಿಲ್ಲ. ಎರಡು ವರ್ಷದಲ್ಲಿ ನಾನು ಮಾಡಿದ ಮೊದಲ ನೆಟ್ಟನೆಯ ಗೆರೆ ಅದು.

ಬಗ್ಗಿಸುವುದು ಇನ್ನೂ ಸುಲಭ. ಗೆರೆಯ ಹೊಟ್ಟೆ ಹಿಡಿದು ಎಳೆದರೆ ಎಲೆಯ ಅಂಚಿನಂತೆ ಬಾಗಿತು. ತೊಂದರೆ ಕೊಟ್ಟದ್ದು ತುದಿ. ಬಾಗಿಸಿದ ಚುಕ್ಕಿಗೆ ಎರಡು ಕಡೆ ಹಿಡಿದೆಳೆಯುವ ಮೀಸೆ ಮೂಡುತ್ತದೆ. ಒಂದು ಮೀಸೆ ಎಳೆದರೆ ಇನ್ನೊಂದೂ ತಿರುಗಿ ತುದಿಯೆಲ್ಲ ಗುಂಡಗಾಗುತ್ತಿತ್ತು. ತೈಮಾನೆ ಒಂದು ಕೀಲಿ ಒತ್ತಿ ಮೀಸೆಗಳನ್ನು ಬೇರೆ ಮಾಡಿ ತೋರಿಸಿದಳು, ಮೂಲೆ ಚೂಪಾಯಿತು.

ಆದರೂ ಎಲೆಯ ಏಳು ಬೆರಳುಗಳಲ್ಲಿ ಎರಡು ಮಾತ್ರ ಮೊಂಡು. ಯಾರೋ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಚಪ್ಪಟೆ. ಬೆರಳನ್ನು ಸ್ವಲ್ಪ ದಪ್ಪ ಮಾಡಿದರೆ ಚೂಪು ಬರುತ್ತದೆ, ತೆಳ್ಳಗೆ ಮಾಡಿದರೆ ಮಾಯ. ಗುರುವಾರವೆಲ್ಲ ಹಿಂದೆ ಮುಂದೆ ಎಳೆದೂ ಎಳೆದೂ ತಲೆ ಚಿಟ್ಟುಹಿಡಿಯಿತು.

“ಇರಲಿ ಬಿಡಿ ಅತ್ತೆ, ಯಾರಿಗೆ ಕಾಣತ್ತೆ?”

“ನಂಗೆ ಕಾಣತ್ತೆ.”

ಅವಳು ಗೊಣಗುತ್ತ ಕಂಪ್ಯೂಟರಿನ ಪಟ್ಟಿಯಲ್ಲೆಲ್ಲ ಹುಡುಕಿದಳು. ಕೊನೆಗೆ ನಗತೊಡಗಿದಳು. ಗೆರೆಯ ಮೂಲೆ ಎಷ್ಟು ದೂರ ಚಾಚಬಹುದು ಎಂಬುದಕ್ಕೆ ಒಂದು ಮಿತಿ ಇದೆಯಂತೆ. ಅದು ನಾಲ್ಕಕ್ಕೆ ನಿಂತಿತ್ತು. ಅದಕ್ಕಿಂತ ಚೂಪಾದರೆ ಯಂತ್ರವೇ ತುದಿ ಕತ್ತರಿಸುತ್ತದೆ. ತನ್ನ ಅಂಗಿಗಳ ಮೇಲೆ ಇಷ್ಟು ತೆಳ್ಳಗಿನದನ್ನು ಯಾರೂ ಕೇಳಿರಲಿಲ್ಲ, ಹಾಗಾಗಿ ಅವಳಿಗೂ ಇದು ಗೊತ್ತಾಗಿರಲಿಲ್ಲ.

“ಇಪ್ಪತ್ತು ಮಾಡು,” ಅಂದೆ. ಏಳು ತುದಿಗಳೂ ಚಿಮ್ಮಿ ನಿಂತವು. ಆ ಗಳಿಗೆಯಲ್ಲಿ ನನಗಾದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ನನ್ನ ಗಂಡನಿಗೆ ಹೇಳಬೇಡಿ.

ಶನಿವಾರ ಚರ್ಚಿನ ಅಂಗಳದ ಮನೆಯಲ್ಲಿ ಮೂರು ನಮೂನೆಗಳನ್ನು ಚಾಪೆಯ ಮೇಲೆ ಹಾಸಿದರು. ಎರಡು ಪೇಟೆಯವು, ಒಂದು ತೈಮಾನೆ ತಂದದ್ದು. ನಾನು ಹಿಂದೆ ಕಂಬಕ್ಕೆ ಒರಗಿ, ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಸಿಯೆನಿ ಒಂದೊಂದನ್ನೇ ಎತ್ತಿ ಹಿಡಿದು, ಬೇಕಾದವರು ಕೈ ಎತ್ತಿ ಎಂದಳು. ಮೊದಲನೆಯದಕ್ಕೆ ಐದು ಕೈ. ಎರಡನೆಯದಕ್ಕೆ ಏಳು. ದೀವಿಹಲಸಿನ ಎಲೆಗೆ ಇಪ್ಪತ್ತಾರು, ಅದರಲ್ಲಿ ಸಿಯೆನಿಯದೂ ಒಂದು. ನಾನೂ ತೈಮಾನೆಯೂ ಯಾವುದಕ್ಕೂ ಕೈ ಎತ್ತಲಿಲ್ಲ.

“ಬರೆದವರು ಯಾರೇ?” ಎಂದು ತೈಮಾನೆಯನ್ನು ಕೇಳಿದಳು.

“ನಮ್ಮ ಅಂಗಡೀದು. ಕಂಪ್ಯೂಟರಲ್ಲಿ ಮಾಡಿದ್ದು.”

ಸಿಯೆನಿ ಬಟ್ಟೆಯನ್ನು ಬೆಳಕಿಗೆ ಹಿಡಿದಳು. ಎಲೆಯ ಒಂದು ತುದಿಯನ್ನು ಉಗುರಿನಿಂದ ಸವರಿದಳು.

“ಕಂಪ್ಯೂಟರಿಗೆ ಇಷ್ಟು ಜಗಳಗಂಟಿತನ ಎಲ್ಲಿಂದ ಬರತ್ತೆ? ನನ್ನ ಮದುವೆ ಬಟ್ಟೇಲೂ ಹೀಗೇ ಇತ್ತು, ಚುಚ್ಚೋಕೆ ಬಂದ ಹಾಗೆ. ಇಂಥ ಎಲೆ ಮಾಡೋಳು ಈ ಊರಲ್ಲಿ ಒಬ್ಬಳೇ. ಇಯಾನೇಟಾ, ಹಿಂದೆ ಯಾಕೆ ಅಡಗಿ ಕೂತಿದೀಯ?”

ಎಲ್ಲರೂ ತಿರುಗಿ ನೋಡಿದರು. ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ತೊಡೆಯ ಕೆಳಗಿಂದ ಕೈ ತೆಗೆದು ಎತ್ತಿ ಹಿಡಿದೆ.

“ವಾಸಿಯಾಗಿಲ್ಲ ಕಣೇ. ನೋಡು, ನಡುಗ್ತಾನೇ ಇದೆ.”

“ನಡುಗ್ಲಿ ಬಿಡು,” ಅಂದಳು ಸಿಯೆನಿ, ಬಟ್ಟೆ ಮಡಚುತ್ತ. “ತೋಳಿನ ಅಂಚಿಗೂ ಇದಕ್ಕೆ ಹೊಂದೋದು ಒಂದು ಬೇಕು. ಬುಧವಾರದೊಳಗೆ ಆಗತ್ತಾ ನಿನ್ನಿಂದ?”

ಪ್ರಾರ್ಥನೆಯ ಮಾತನ್ನು ಅವಳು ಎತ್ತಲಿಲ್ಲ.

“ಮಂಗಳವಾರವೇ ತಗೋ,” ಅಂದೆ.