ಕರೇಬೇಣದ ಒಂದು ಅಡಿಕೆ

ಸಮುದ್ರ ತೋರಿಸುವವರೆಗೆ ಮಾತಾಡುವುದಿಲ್ಲ ಎಂದು ನಾನು ಗಂಡನ ಹತ್ತಿರ ಮೂರು ದಿನ ಬಾಯಿ ಮುಚ್ಚಿಕೊಂಡಿದ್ದೆ. ನನ್ನನ್ನು ಬಲ್ಲವರಿಗೆ ಗೊತ್ತು, ಅದು ರಂಜಾನಿನ ರೋಜಾ ಹಿಡಿಯುವುದಕ್ಕಿಂತ ಕಷ್ಟದ ಕೆಲಸ. ನಾಲ್ಕನೆಯ ದಿನ ಬೆಳಿಗ್ಗೆ ಅತ್ತೆ ಅಮೀನಾಬಿಯೇ ಸೋತರು. "ಕರ್ಕೊಂಡು ಹೋಗೋ ಇವಳನ್ನ. ನಜೀಮಾ ಮಾತಾಡದೆ ಮನೆ ಕಬರಸ್ತಾನ ಆಗಿದೆ," ಎಂದು ಮಗನನ್ನು ಬೈದರು.

ಮಗ ಎಂದರೆ ನನ್ನ ಗಂಡ. ಹೆಂಡತಿಯಾದವಳು ಹೆಸರು ಹೇಳಬಾರದು ಅನ್ನುತ್ತಾರೆ, ಆದರೆ ಬರೆಯುವಾಗ 'ಅವರು, ಅವರು' ಎಂದರೆ ಯಾರಿಗೆ ತಿಳಿಯುತ್ತದೆ? ಮಕ್ಬೂಲ್. ಶಿರಸಿಯಲ್ಲಿ ಆಗ ಇದ್ದ ನಾಲ್ಕೋ ಐದೋ ಲಾರಿಗಳಲ್ಲಿ ಒಂದು ಅವರದು. ವಾರಕ್ಕೊಮ್ಮೆ ಅಡಿಕೆ, ಮೆಣಸು ತುಂಬಿಕೊಂಡು ದೇವಿಮನೆ ಘಟ್ಟ ಇಳಿದು, ಕುಮಟೆ ದಾಟಿ, ಕರೇಬೇಣ ಎಂಬ ಸಣ್ಣ ಬಂದರಿಗೆ ಹೋಗಿ, ಅಲ್ಲಿಂದ ಉಪ್ಪು ತರುತ್ತಿದ್ದರು. ಕರೇಬೇಣದಲ್ಲಿ ಹಿಂದೆ ಬಿಳಿಯರ ಕಂಪನಿಯೊಂದು ಗುಡ್ಡ ಕೊರೆದು ಮ್ಯಾಂಗನೀಸ್ ಎಂಬ ಕರಿಕಲ್ಲು ತೆಗೆದು ಹಡಗಿಗೆ ತುಂಬುತ್ತಿತ್ತಂತೆ. ಜರ್ಮನಿ ಯುದ್ಧ ಮುಗಿದ ಮೇಲೆ ಕಂಪನಿ ಗಂಟುಮೂಟೆ ಕಟ್ಟಿತು. "ಈಗ ಅಲ್ಲಿ ತೂತು ಬಿದ್ದ ಗುಡ್ಡ ಬಿಟ್ಟರೆ ಏನಿದೆ?" ಎಂದು ಗಂಡ ಕೇಳುತ್ತಿದ್ದರು. ಆ ತೂತು ಗುಡ್ಡವೇ ನನಗೆ ಬೇಕಿತ್ತು. ಯಲ್ಲಾಪುರದಲ್ಲಿ ಹುಟ್ಟಿ ಶಿರಸಿಗೆ ಮದುವೆಯಾಗಿ ಬಂದ ನಾನು ಹತ್ತೊಂಬತ್ತು ವರ್ಷಕ್ಕೆ ನೋಡಿದ್ದು ಎರಡು ಪೇಟೆ ಮತ್ತು ಅವುಗಳ ನಡುವಿನ ಒಂದು ರಸ್ತೆ.

ಹೊರಡುವ ಹೊತ್ತಿಗೆ ಒಂದು ತಕರಾರು. ಘಟ್ಟದಲ್ಲಿ ಲಾರಿ ನಿಂತರೆ ಚಕ್ರದ ಹಿಂದೆ ಮರದ ತುಂಡು ಕೊಡಲು ಒಬ್ಬ ಆಳು ಬೇಕೇ ಬೇಕು. ಆ ಕೆಲಸದ ಶಂಕ್ರಪ್ಪ ಜ್ವರ ಬಂದು ಮಲಗಿದ್ದ. ಉಳಿದವನು ಕೆರಿಯ.

ಕೆರಿಯನಿಗೆ ಐವತ್ತು ದಾಟಿತ್ತು. ದಾಸನಕೊಪ್ಪದ ಕಡೆಯವನು. ನಮ್ಮ ಲಾರಿಗೆ ಚೀಲ ತುಂಬುತ್ತಿದ್ದ, ಬೆಟ್ಟ ಬಿದ್ದರೂ ದನಿ ಏರಿಸದ ಮನುಷ್ಯ. ಅವನದು ಎರಡು ವಿಚಿತ್ರ. ಒಂದು, ದಿನವಿಡೀ ಅಡಿಕೆ ಚೀಲ ಹೊತ್ತರೂ ಒಂದು ಹೋಳು ಬಾಯಿಗೆ ಹಾಕುತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ಕವಳ, ಅಂದರೆ ಎಲೆಯಡಿಕೆ, ಹಾಕದ ಗಂಡಸನ್ನು ಹುಡುಕಿ ತರಬೇಕು, ಹಾಗಾಗಿ ಇಡೀ ಪೇಟೆ ಅವನನ್ನು ಗೇಲಿ ಮಾಡುತ್ತಿತ್ತು. ಎರಡು, ಲಾರಿ ಘಟ್ಟದ ಕಡೆ ಹೊರಟರೆ ಇಳಿಜಾರಿಗೆ ಮೊದಲೇ ರಾಗಿಹೊಸಳ್ಳಿಯಲ್ಲಿ ಇಳಿದುಬಿಡುತ್ತಿದ್ದ. ಹೊಟ್ಟೆನೋವು, ನೆಂಟರ ಮನೆ, ಏನಾದರೊಂದು ನೆಪ.

"ಇವತ್ತು ನಿನ್ನ ಹೊಟ್ಟೆನೋವು ನಡೆಯಲ್ಲ ಕೆರಿಯಣ್ಣಾ," ಎಂದೆ ನಾನು. "ನೀ ಬರದಿದ್ರೆ ಲಾರಿ ಹೋಗಲ್ಲ. ಲಾರಿ ಹೋಗದಿದ್ರೆ ನಾ ಇಲ್ಲೇ ಬೀದೀಲಿ ಕೂತು ಅಳ್ತೀನಿ."

"ಘಟ್ಟದ ಬುಡದವರೆಗೆ ಬರ್ತೆ ಬೂಬಮ್ಮಾ. ಅಲ್ಲಿಂದ ಆಚೆ ಬ್ಯಾಡ," ಎಂದ ಅವನು.

ದೇವಿಮನೆ ಘಟ್ಟವನ್ನು ನಾನು ಹೇಗೆ ಹೇಳಲಿ? ಒಂದು ಕಡೆ ಗೋಡೆಯಂಥ ಕಾಡು, ಇನ್ನೊಂದು ಕಡೆ ಏನೂ ಇಲ್ಲ, ಬರೀ ಗಾಳಿ. ತಿರುವು ಬಂದಾಗಲೆಲ್ಲ ನಾನು ಕಿರುಚಿದೆ. ಹೆದರಿಕೆಗಲ್ಲ, ಖುಷಿಗೆ. ಮೈಮೇಲಿನ ಚಾದರ ಹಾರಿ ಗಂಡನ ಮುಖಕ್ಕೆ ಬಡಿಯಿತು. "ಕೊಲ್ತೀಯಾ ನಮ್ಮನ್ನ!" ಎಂದು ಗದರಿದರು. ಅವರೂ ನಗುತ್ತಿದ್ದರು, ನನಗೆ ಕಂಡಿತು.

ಬುಡ ಮುಟ್ಟುವಷ್ಟರಲ್ಲಿ ಲಾರಿಯ ಮೂತಿಯಿಂದ ಹೊಗೆ. ನೀರು ಕಾದಿತ್ತು. ಹಳ್ಳದ ಪಕ್ಕ ನಿಲ್ಲಿಸಿ ಗಂಡ ನೀರಿಗೆ ಹೋದರು. ಕೆರಿಯ ಮರದ ತುಂಡು ಕೊಟ್ಟು, ಟವೆಲ್ಲು ಕೊಡವಿಕೊಂಡು, "ನಾ ಇನ್ನು ಹೊಂಟೆ," ಎಂದ. ಹತ್ತಿರದಲ್ಲಿ ಮನೆಯಿಲ್ಲ, ಮಠವಿಲ್ಲ. ಸಮಾಧಾನ ಮಾಡೋಣ ಎಂದು ನನ್ನ ಎಲೆಯಡಿಕೆ ಸಂಚಿ ಬಿಚ್ಚಿ ಒಂದು ಅಡಿಕೆ ಅವನ ಮುಂದೆ ಹಿಡಿದೆ. ಹಾವು ಕಂಡವನ ಹಾಗೆ ಹಿಂದೆ ಸರಿದ.

ನನಗೆ ಸಿಟ್ಟು ಬಂತು. "ಏನದು ನಿನ್ನ ಸೊಕ್ಕು? ಸಾಬರ ಕೈಯಿಂದ ಅಂತಲಾ?"

"ಅಯ್ಯೋ, ಹಂಗೆಲ್ಲ ಅನ್ನಬ್ಯಾಡಿ!" ಅವನ ಕಣ್ಣು ತುಂಬಿತು. "ಅಡಿಕೆ ತಿಂದು ನಾ ಒಬ್ಬನ ಜೀವ ತೆಗ್ದಿದ್ದೆ, ಬೂಬಮ್ಮ. ಅಲ್ಲೇ. ಕರೇಬೇಣದಲ್ಲೇ."

ಅವನು ಕಲ್ಲಿನ ಮೇಲೆ ಕೂತು, ನೆಲ ನೋಡುತ್ತ ಹೇಳಿದ.

ಮೂವತ್ತು ವರ್ಷದ ಹಿಂದೆ ಅವನು ಆ ಕಂಪನಿಯ ಕೆಲಸಕ್ಕೆ ಹೋಗಿದ್ದ. ಗುಡ್ಡದ ಸುರಂಗದ ಬಾಯಲ್ಲಿ ಒಂದು ಮಡಕೆ. ಒಳಗೆ ಹೋಗುವವನು ಒಂದು ಅಡಿಕೆ ಮಡಕೆಗೆ ಹಾಕಬೇಕು, ಹೊರಗೆ ಬಂದಾಗ ಒಂದು ಅಡಿಕೆ ತೆಗೆದುಕೊಳ್ಳಬೇಕು. ಓದುಬರಹ ಬಾರದವರಿಗೆ ಅದೇ ಹಾಜರಿ. ಸಂಜೆ ಬಂಡೆಗೆ ಮದ್ದು ತುಂಬಿದ ಮೇಲೆ ಮೇಸ್ತ್ರಿ ಮಡಕೆಯೊಳಗೆ ಇಣುಕುತ್ತಿದ್ದ. ಮಡಕೆ ಖಾಲಿ ಇದ್ದರೆ ಒಳಗೆ ಯಾರೂ ಇಲ್ಲ, ಬೆಂಕಿ ಕೊಡಬಹುದು. ಮಡಕೆ ಕಾಯುವ ಕೆಲಸ ಕೆರಿಯನದು.

"ನಮ್ ಕೈ ಗೊತ್ತಲ್ಲ ನಿಮ್ಗೆ. ಅಡಿಕೆ ಕಂಡ್ರೆ ಸುಮ್ನಿರ್ತದಾ? ಮಾತಾಡ್ತಾ ಮಾತಾಡ್ತಾ ಒಂದು ತೆಗ್ದು ಬಾಯಿಗೆ ಹಾಕ್ದೆ. ಹಾಕಿದ್ದೇ ಗೊತ್ತಿಲ್ಲ. ಎಲ್ರೂ ಹೊರಗೆ ಬಂದ್ರು, ಮಡಕೆ ಖಾಲಿ, ಮೇಸ್ತ್ರಿ ಬೆಂಕಿ ಕೊಟ್ಟ. ಗುಡ್ಡ ಹಾರ್ತು. ಆಮೇಲೆ ಯಾರೋ ಕೂಗಿದ್ರು, ಬೈರ ಎಲ್ಲಿ, ಬೈರ ಬರ್ಲಿಲ್ಲ ಅಂತ. ಆವಾಗ ನೋಡ್ತೆ, ನನ್ ಬಾಯಲ್ಲಿ ಅಡಿಕೆ ಐತಿ."

ಅವನು ಅಲ್ಲಿಂದ ಓಡಿದವನು ಘಟ್ಟ ಹತ್ತುವವರೆಗೆ ನಿಂತಿರಲಿಲ್ಲ. ಅಂದಿನಿಂದ ಅಡಿಕೆ ಬಾಯಿಗೆ ಹಾಕಿಲ್ಲ, ಘಟ್ಟ ಪೂರಾ ಇಳಿದಿಲ್ಲ, ಬೈರ ಏನಾದ ಎಂದು ಯಾರನ್ನೂ ಕೇಳಿಲ್ಲ.

"ಕೇಳಲೇ ಇಲ್ವಾ? ಮೂವತ್ತು ವರ್ಷ?"

"ಕೇಳಿದ್ರೆ ಸತ್ತ ಅಂತಾರೆ. ಕೇಳದಿದ್ರೆ, ಇದ್ದಿದ್ರೂ ಇರಬಹುದು ಅಂತ ಒಂದಿಷ್ಟು ಉಳೀತದೆ."

ಇನ್ಯಾರಾದರೂ ಆಗಿದ್ದರೆ ಅವನನ್ನು ಅವನ ಪಾಡಿಗೆ ಬಿಡುತ್ತಿದ್ದರೋ ಏನೋ. ನನ್ನ ಜಾಯಮಾನ ಅಂಥದ್ದಲ್ಲ. "ಲಾರಿ ಹತ್ತು!" ಎಂದೆ. "ನೀ ಕೇಳಬೇಡ, ನಾ ಕೇಳ್ತೀನಿ. ಸತ್ತಿದ್ರೆ ಅವನ ಮನೆಯವರ ಕಾಲಿಗೆ ಬೀಳು. ಇನ್ನು ಮೂವತ್ತು ವರ್ಷ ಹೊಟ್ಟೆನೋವು ಅಂತ ಹೇಳ್ತಾ ಇರ್ತೀಯಾ?" ಗಂಡ ನೀರಿನ ಡಬ್ಬ ಹಿಡಿದು ಬಂದು ನಮ್ಮಿಬ್ಬರ ಮುಖ ನೋಡಿದರು. ನಾನೇ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಅವರು ಕೆರಿಯನ ಭುಜ ಹಿಡಿದು, ಹಿಂದೆ ಚೀಲಗಳ ಮೇಲಲ್ಲ, ಮುಂದೆ ತಮ್ಮ ಪಕ್ಕದಲ್ಲೇ ಹತ್ತಿಸಿದರು.

ಕುಮಟೆ ದಾಟಿತು. ಮರಳು ರಸ್ತೆ, ಗಾಳಿ ಮರ, ಮತ್ತೆ ಒಂದು ಏರು. ಏರಿನ ತುದಿಯಲ್ಲಿ ಗಂಡ ಲಾರಿ ನಿಲ್ಲಿಸಿ, "ನೋಡು," ಎಂದರು.

ಯಾ ಅಲ್ಲಾ! ಇಷ್ಟೊಂದು ನೀರು ಯಾರಿಗೆ ಬೇಕು? ಆಕಾಶ ಎಲ್ಲಿ ಮುಗಿಯಬೇಕೆಂದು ತಿಳಿಯದೆ ನೀರಿಗೇ ಇಳಿದಿತ್ತು. ಎಡಗಡೆ ಕರೇಬೇಣದ ಗುಡ್ಡ, ಹೆಸರಿನಷ್ಟೇ ಕಪ್ಪು, ಮೈಯೆಲ್ಲ ಸುರಂಗದ ಬಾಯಿ. ಕೆಳಗಿನ ಗವಿಗಳಿಗೆ ಅಲೆ ನುಗ್ಗಿ, ಒಳಗೆ ಗುಡುಗಿ, ಬಿಳಿ ನೊರೆಯಾಗಿ ಹೊರಗೆ ಹಾರುತ್ತಿತ್ತು. ಮೇಲೆ ಗರುಡ ಪಕ್ಷಿಗಳು ರೆಕ್ಕೆ ಬಡಿಯದೆ ತೇಲುತ್ತಿದ್ದವು. ತುಕ್ಕು ಹಿಡಿದ ಎರಡು ಕಂಬಿಗಳು ಗುಡ್ಡದಿಂದ ಇಳಿದು ನೇರ ಸಮುದ್ರದೊಳಕ್ಕೆ ಹೋಗಿದ್ದವು. ಕಲ್ಲು ತುಂಬಿದ ಡಬ್ಬಿಗಳು ಹಿಂದೆ ಅವುಗಳ ಮೇಲೆ ಓಡುತ್ತಿದ್ದವಂತೆ. ನನಗೆ ಕುಣಿಯಬೇಕು ಅನ್ನಿಸಿತು, ಕುಣಿದೆ. ಚಪ್ಪಲಿ ಬಿಸಾಡಿ ಇಳಿಜಾರಿನಲ್ಲಿ ಓಡಿದೆ. ದಾರಿಯಲ್ಲಿ ತಿನ್ನಲು ಅತ್ತೆ ಕೊಟ್ಟ ಲಾಡುವಿನ ಗಂಟು ಲಾರಿಯಲ್ಲೇ ಉಳಿಯಿತು.

ಓಡಿ ನಿಂತದ್ದು ದಡದ ಒಂದು ಚಹಾದ ಗುಡಿಸಲಿನ ಮುಂದೆ. ಒಬ್ಬ ಹೆಂಗಸು ಒಲೆ ಊದುತ್ತಿದ್ದಳು. ಹಿಂದಿನಿಂದ ಗಂಡ ಮತ್ತು ಕೆರಿಯ ಬಂದರು. ಕೆರಿಯನ ಮುಖ ಸುಣ್ಣವಾಗಿತ್ತು. ಇನ್ನು ತಡ ಮಾಡಿದರೆ ಅವನು ಓಡಿಬಿಡುತ್ತಾನೆ ಎಂದು ನಾನು ಏದುಸಿರಲ್ಲೇ ಕೇಳಿದೆ. "ಅಮ್ಮಾ, ಹಿಂದೆ ಇಲ್ಲಿ ಸುರಂಗ ಹಾರಿಸುವಾಗ ಬೈರ ಅನ್ನುವವರು ಸತ್ರಾ?"

ಅವಳು ಒಲೆಯಿಂದ ತಲೆ ಎತ್ತಿದಳು. "ಸತ್ತಿದ್ರೆ ಈ ಊರಿಗೆ ಎಷ್ಟು ನೆಮ್ದಿ ಇರ್ತಿತ್ತು! ಅಗಾ ಅಲ್ಲಿ, ಬಲೆ ಹೊಲೀತಾ ಕೂತನೆ, ನನ್ ಗಂಡ. ನಾ ಮಂಜಿ. ಎಂತ ಆಗ್ಬೇಕಿತ್ತು?"

ದೋಣಿಯ ನೆರಳಲ್ಲಿ ಕೂತಿದ್ದ ಒಬ್ಬ ಮುದುಕ, "ಮಂಜೀ, ಚಾ ಆಯ್ತಾ?" ಎಂದು ಕೂಗಿದ. ಆ ದನಿಗೆ ಒಲೆಯ ಮೇಲಿನ ಪಾತ್ರೆ ನಡುಗಿತೋ ಏನೋ.

"ಸುರಂಗದ ಮದ್ದಿಗೆ ಕಿವಿ ಹೋಗ್ಯದೆ," ಎಂದಳು ಮಂಜಿ. "ಅವತ್ತು ಒಳಗೆ ಒಂದು ಪೊಟರೆಯಲ್ಲಿ ಮಲ್ಗಿ ನಿದ್ದೆ ಹೊಡೀತಿದ್ದ ಇವ. ಅದಕ್ಕೇ ಬದ್ಕಿದ. ಎರಡು ದಿನ ಮಣ್ಣು ತೋಡಿ ತೆಗ್ದ್ರು. ಘಟ್ಟದ ಮೇಲಿನವ ಒಬ್ಬ ಮಡಕೆಯ ಅಡಿಕೆ ತಿಂದ್ಬಿಟ್ಟಿದ್ನಂತೆ. ಮಡಕೆ ಹತ್ರ ಉಗುಳಿದ್ದು ನೋಡಿ ಗೊತ್ತಾಯ್ತು. ಅಂದಿನಿಂದ ಕಂಪನಿ ಅಡಿಕೆ ಬಿಟ್ಟು ಕಲ್ಲು ಹಾಕ್ಸ್ತು. ಘಟ್ಟದವ್ರು ಕಲ್ಲು ತಿನ್ನೂದಿಲ್ಲ ಅಂತ."

ನಾನು ನಗಬಾರದಿತ್ತು, ನಕ್ಕೆ. ಗಂಡನೂ ನಕ್ಕರು. ಕೆರಿಯ ಮಾತ್ರ ನಗಲಿಲ್ಲ. ಮರಳಿನಲ್ಲಿ ಕಾಲೆಳೆಯುತ್ತ ದೋಣಿಯ ಕಡೆ ನಡೆದ. ನಾವು ಹಿಂದೆಯೇ ಹೋದೆವು.

ಅವನು ಬೈರನ ಮುಂದೆ ಕುಕ್ಕರುಗಾಲಲ್ಲಿ ಕೂತು, ಎಂದಿನ ಸಣ್ಣ ದನಿಯಲ್ಲಿ ಏನೋ ಅಂದ.

"ಎಂತ?" ಬೈರ ಎಡಗಿವಿಗೆ ಕೈ ಅಡ್ಡ ಹಿಡಿದ.

"ನಾ ಕೆರಿಯ. ಮಡಕೆ ಕಾಯ್ತಿದ್ದವ. ತಪ್ಪಾಯ್ತು."

"ಎಂತ? ಕೇಳೂದಿಲ್ಲ!"

ಕೆರಿಯ ಒಮ್ಮೆ ನನ್ನ ಕಡೆ ನೋಡಿದ. ಆಮೇಲೆ ಎದ್ದು ನಿಂತು, ಮೂವತ್ತು ವರ್ಷ ಒಮ್ಮೆಯೂ ಏರಿಸದ ದನಿಯನ್ನು ಒಂದೇ ಸಲಕ್ಕೆ ಏರಿಸಿದ. "ತಪ್ಪಾಯ್ತೋ ಬೈರಾ! ನಿನ್ ಅಡಿಕೆ ತಿಂದವ ನಾನೇ! ತಿಂದು ಓಡ್ದೆ! ತಪ್ಪಾಯ್ತೋ!"

ದಡದ ಹಕ್ಕಿಗಳೆಲ್ಲ ಎದ್ದವು. ಉಪ್ಪು ತುಂಬುತ್ತಿದ್ದವರು ಕೆಲಸ ನಿಲ್ಲಿಸಿ ನೋಡಿದರು. ಕೆರಿಯ ಗಳಗಳ ಅಳುತ್ತಿದ್ದ.

ಬೈರ ಬಲೆ ಪಕ್ಕಕ್ಕಿಟ್ಟ. ಆಮೇಲೆ ಮೆತ್ತಗೆ, ಕಿವಿ ಕೇಳುವವರಂತೆಯೇ ಮೆತ್ತಗೆ, ಹೇಳಿದ. "ಹೋದದ್ದು ಎಡಗಿವಿ ಮಾತ್ರ. ಬಲಗಿವಿ ಕೇಳ್ತದೆ ನಂಗೆ. ಮೊದಲ ಸಲವೇ ಕೇಳ್ತು. ಮೂವತ್ತು ವರ್ಷದ ಬಾಕಿ, ಮೂರು ಸಲ ಆದ್ರೂ ಹೇಳಿಸ್ಬೇಕು ಅಂತ ಸುಮ್ನಿದ್ದೆ."

ಮಂಜಿ ಹಣೆ ಬಡಿದುಕೊಂಡು ನಕ್ಕಳು. ಬೈರ ನಗಲಿಲ್ಲ. ಅಂಗೈ ಚಾಚಿ, "ಎಲ್ಲಿ? ನನ್ ಅಡಿಕೆ ಕೊಡು," ಎಂದ.

ಕೆರಿಯ ಕಂಗಾಲಾಗಿ ಸೊಂಟ ಮುಟ್ಟಿಕೊಂಡ. ಅವನ ಹತ್ತಿರ ಎಲ್ಲಿಂದ ಬರಬೇಕು ಅಡಿಕೆ? ನಾನು ಸಂಚಿ ಬಿಚ್ಚಿದೆ. ಇರುವುದರಲ್ಲಿ ದೊಡ್ಡದೊಂದು ಇಡೀ ಅಡಿಕೆ ಆರಿಸಿ ಕೆರಿಯನಿಗೆ ಕೊಟ್ಟೆ. ಅವನು ಅದನ್ನು ಬೈರನ ಅಂಗೈಯಲ್ಲಿಟ್ಟ. ಬೈರ ತಿನ್ನಲಿಲ್ಲ. ಗಣಿಯಿಂದ ಹೊರಗೆ ಬಂದವರೆಲ್ಲ ಆಗ ಮಾಡುತ್ತಿದ್ದಂತೆ ಅದನ್ನು ಪಂಚೆಯ ಮಡಿಕೆಗೆ ಸಿಕ್ಕಿಸಿಕೊಂಡ.

"ಆಯ್ತು," ಎಂದ. "ಈಗ ನಾ ಹೊರಗೆ ಬಂದೆ. ನೀನೂ ಬಾ, ಚಾ ಕುಡಿಯುವಾ."

ಗುಡಿಸಲ ಕಡೆ ನಾಲ್ಕು ಹೆಜ್ಜೆ ಹಾಕಿದ ಕೆರಿಯ ನಿಂತ. ತಿರುಗಿ ನನ್ನ ಮುಂದೆ ಕೈ ಒಡ್ಡಿದ. "ಬೂಬಮ್ಮಾ, ನಂಗೂ ಒಂದು ಕೊಡಿ."

ಅಡಕತ್ತರಿಯಿಂದ ಕತ್ತರಿಸಿ ಒಂದು ಹೋಳು ಕೊಟ್ಟೆ. ಬಾಯಿಗೆ ಹಾಕಿ ಎರಡು ಸಲ ಜಗಿದನೋ ಇಲ್ಲವೋ, ಅಭ್ಯಾಸ ತಪ್ಪಿದ ಮೈಗೆ ಅಡಿಕೆ ಸೊಕ್ಕಿತು. ಹಣೆಯಲ್ಲಿ ಬೆವರು ಒಡೆದು, ತಲೆ ತಿರುಗಿ, ಒದ್ದೆ ಮರಳಿನ ಮೇಲೆ ಕೂತೇಬಿಟ್ಟ. ಒಂದು ಅಲೆ ಬಂದು ಅವನ ಸೊಂಟದವರೆಗೆ ನೆನೆಸಿತು, ನಾನು ಅದೇ ಅಲೆಯಲ್ಲಿ ಮೊಣಕಾಲವರೆಗೆ ನಿಂತಿದ್ದೆ. ಅವನು ತಲೆ ಹಿಡಿದುಕೊಂಡು ನಗುತ್ತಿದ್ದ.

"ಅಡಿಕೆ ಇಷ್ಟು ಒಗರಿತ್ತಾ ಬೂಬಮ್ಮಾ?" ಎಂದ. "ನಂಗೆ ಮರ್ತೇ ಹೋಗಿತ್ತು."